ಲ್ಯಾಪ್‌ಟಾಪ್ ಕೊಳ್ಳುವಾಗ ಮೊದಲು ಸ್ಕ್ರೀನ್ ನೋಡಿ

ಬೆಂಗಳೂರಿನ ಬಿನ್ನಿಪೇಟೆಗೆ ಆ ಹೆಸರು ಬಂದದ್ದು ಬಟ್ಟೆಯ ಗಿರಣಿಯಿಂದ. 1884ರಲ್ಲಿ ಶುರುವಾದ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಜನರ ಬಾಯಲ್ಲಿ ಬಿನ್ನಿ ಮಿಲ್ ಆಯಿತು, ಸುತ್ತಲಿನ ಜಾಗ ಬಿನ್ನಿಪೇಟೆಯಾಯಿತು. ಗಿರಣಿ ಮುಚ್ಚಿ, ಅದರ ನೆಲದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಆದರೆ ಬಟ್ಟೆಯ ವ್ಯವಹಾರ ಈ ಭಾಗವನ್ನು ಬಿಟ್ಟುಹೋಗಿಲ್ಲ. ಚಿಕ್ಕಪೇಟೆಯ ಸಗಟು ಅಂಗಡಿಗಳಿಂದ ನಾಲ್ಕು ಸೀರೆ ತಂದು, ಮನೆಯ ಹಾಲ್‌ನಲ್ಲೇ ಫೋಟೊ ತೆಗೆದು, ವಾಟ್ಸಾಪ್ ಗುಂಪಿಗೆ ಹಾಕಿ ಮಾರುವ ಹೆಂಗಸರು ಇಲ್ಲಿಂದ ವಿಜಯನಗರದವರೆಗೆ ಬೀದಿಬೀದಿಯಲ್ಲಿ ಸಿಗುತ್ತಾರೆ. ಅಂಥ ಮನೆಗೆ ಒಂದು ಲ್ಯಾಪ್‌ಟಾಪ್ ಬೇಕು ಎಂದಿಟ್ಟುಕೊಳ್ಳಿ. ಮಗಳ ಕಾಲೇಜಿನ ಪ್ರಾಜೆಕ್ಟು, ಅಪ್ಪನ ಬ್ಯಾಂಕ್ ಕೆಲಸ, ರಾತ್ರಿ ಒಂದು ಸಿನಿಮಾ, ಇವುಗಳ ನಡುವೆ ಸೀರೆಯ ಫೋಟೊಗಳನ್ನು ತಿದ್ದುವ ಕೆಲಸವೂ ಅದರಲ್ಲೇ ಆಗಬೇಕು. ಕೈಯಲ್ಲಿರುವುದು 50 ಸಾವಿರ ರೂಪಾಯಿ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಸಂತೋಷ. ಇಷ್ಟು ಹಣದಲ್ಲಿ ಎಲ್ಲವೂ ಒಳ್ಳೆಯದೇ ಸಿಗುವುದಿಲ್ಲ. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬ ತೀರ್ಮಾನವೇ ಇಲ್ಲಿ ಮುಖ್ಯ. ಬಿಡಬಾರದ ಮೊದಲನೆಯ ಸಂಗತಿ ಸ್ಕ್ರೀನ್ ಎಂಬುದು ಈ ಲೇಖನದ ವಾದ.

ಅಂಗಡಿಯಲ್ಲಿ ನಡೆಯುವುದು ಇದರ ತಿರುವುಮುರುವು. ಮಾರುವವರು ಮೊದಲು ಹೇಳುವುದು ಪ್ರೊಸೆಸರಿನ ಹೆಸರನ್ನು, ಕೊಳ್ಳುವವರು ಮೊದಲು ಕೇಳುವುದೂ ಅದನ್ನೇ: ಐ3 ಇದೆಯೋ, ಐ5 ಇದೆಯೋ, ಎಷ್ಟನೇ ಜನರೇಶನ್. ಆದರೆ ಆ ಹೆಸರುಗಳು ಅವು ಕಾಣಿಸುವಷ್ಟು ನಿಜ ಹೇಳುವುದಿಲ್ಲ. ಎಎಂಡಿ ಕಂಪನಿಯ ರೈಜನ್ 5 7520ಯು ಎಂಬ ಪ್ರೊಸೆಸರನ್ನೇ ನೋಡಿ. 7 ಎಂಬ ಅಂಕಿಯಿಂದ ಶುರುವಾಗುವುದರಿಂದ ಹೊಚ್ಚ ಹೊಸದೆಂದು ಅನಿಸುತ್ತದೆ, ಮಾರುಕಟ್ಟೆಗೆ ಬಂದದ್ದೂ 2022ರಲ್ಲಿ. ಒಳಗಿರುವ ವಿನ್ಯಾಸ ಮಾತ್ರ 2019ರಲ್ಲಿ ಮೊದಲು ಬಂದ ಜೆನ್ 2. ಆ ಸರಣಿಯಲ್ಲಿ ಒಳಗಿನ ವಿನ್ಯಾಸವನ್ನು ಹೇಳುವುದು ಮೂರನೆಯ ಅಂಕಿ: ಅಲ್ಲಿ 2 ಇದ್ದರೆ ಜೆನ್ 2, 3 ಇದ್ದರೆ ಜೆನ್ 3, 4 ಇದ್ದರೆ ಜೆನ್ 4. ಅಂದರೆ 7520ಯುಗಿಂತ 7530ಯು ಎಷ್ಟೋ ಗಟ್ಟಿ. ಮೇಲಾಗಿ 7520ಯು ಜೊತೆಗೆ ಬರುವ ರ್‍ಯಾಮ್ ಬೋರ್ಡಿಗೇ ಬೆಸೆದಿರುವ ಬಗೆಯದು. 8 ಜಿಬಿ ಇರುವುದನ್ನು ಕೊಂಡರೆ ಆ ಯಂತ್ರ ಸಾಯುವವರೆಗೂ 8 ಜಿಬಿಯೇ. ಇದೆಲ್ಲ ಯಾವ ಸ್ಟಿಕ್ಕರ್ ಮೇಲೂ ಬರೆದಿರುವುದಿಲ್ಲ. ಇನ್ನೊಂದು ಕಡೆ, ಜೆನ್ 3 ಮಟ್ಟದ ಯಾವುದೇ ಆರು ಕೋರ್‌ಗಳ ಪ್ರೊಸೆಸರ್ ಮನೆಯ ಫೋಟೊ ಕೆಲಸಕ್ಕೆ ಧಾರಾಳವಾಗಿ ಸಾಕು. ಅದಕ್ಕಿಂತ ಮೇಲಿನ ಮಟ್ಟಕ್ಕೆ ಹೋದರೆ ಉಳಿಯುವುದು ಒಂದು ಫೋಟೊಗೆ ಕೆಲವು ಸೆಕೆಂಡು. ಅಷ್ಟು ಉಳಿಸಲು ಹತ್ತು ಸಾವಿರ ಹೆಚ್ಚು ಕೊಡುವುದು ಲಾಭದ ಮಾತಲ್ಲ.

ಸ್ಕ್ರೀನಿನ ವಿಷಯ ಬೇರೆ. ಅಲ್ಲಿ ಕಡಿಮೆಯಾದದ್ದನ್ನು ಕಾಯ್ದು ಪಡೆಯಲು ಬರುವುದಿಲ್ಲ. ನಮ್ಮ ಫೋನು, ಕ್ಯಾಮೆರಾ, ಫೋಟೊ ಪ್ರಿಂಟ್ ಹಾಕುವ ಲ್ಯಾಬು ಬಹುಮಟ್ಟಿಗೆ ಒಪ್ಪಿಕೊಂಡು ನಡೆಯುವ ಬಣ್ಣದ ಅಳತೆಯ ಹೆಸರು ಎಸ್‌ಆರ್‌ಜಿಬಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟ ಇದು 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಒಂದು ಸ್ಕ್ರೀನ್ ಈ ಅಳತೆಯನ್ನು ಪೂರ್ತಿ ತುಂಬಿದರೆ ಫೋಟೊದಲ್ಲಿರುವ ಬಣ್ಣ ಕಣ್ಣಿಗೂ ಕಾಣುತ್ತದೆ. ಅಗ್ಗದ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ 45% ಎನ್‌ಟಿಎಸ್‌ಸಿ ಎಂದು ಬರೆದಿರುತ್ತಾರೆ. ಅದು ಅಮೆರಿಕದ ಹಳೆಯ ಟೀವಿ ಅಳತೆ. ಆ ಲೆಕ್ಕದಲ್ಲಿ 72% ಬಂದರೆ ಅದು ಹೆಚ್ಚೂಕಡಿಮೆ ಪೂರ್ತಿ ಎಸ್‌ಆರ್‌ಜಿಬಿ. ಹಾಗಾದರೆ 45% ಎಂದರೆ ಬೇಕಾದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಕಳೆದುಹೋಗುವ ಪಾಲಿನಲ್ಲಿ ಕಡುಬಣ್ಣಗಳೇ ಹೆಚ್ಚು. ಅರಗಿನ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ರಾಣಿ ಬಣ್ಣ ಮಂಕಾಗುತ್ತದೆ, ಗಿಳಿಹಸಿರು ಸೊರಗುತ್ತದೆ. ಇಳಕಲ್ ಸೀರೆಯ ಸೆರಗನ್ನೋ ಮೈಸೂರು ರೇಷ್ಮೆಯ ಒಡಲನ್ನೋ ಫೋಟೊದಲ್ಲಿ ತಿದ್ದಲು ಕೂತವರಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ. ಐಪಿಎಸ್ ಎಂಬ ಮೂರಕ್ಷರ ಕಂಡ ಕೂಡಲೇ ನೆಮ್ಮದಿಪಡುವವರಿದ್ದಾರೆ. ಪಕ್ಕದಿಂದ ನೋಡಿದಾಗ ಬಣ್ಣ ಕೆಡುವುದಿಲ್ಲ ಎಂಬುದಷ್ಟೇ ಅದರ ಭರವಸೆ. 45 ಪಾಲಿನ ಐಪಿಎಸ್ ಸ್ಕ್ರೀನುಗಳು ಬೇಕಾದಷ್ಟು ಬರುತ್ತವೆ. ಫುಲ್ ಎಚ್‌ಡಿ ಎಂಬುದು ಚುಕ್ಕೆಗಳ ಲೆಕ್ಕ, ಅದಕ್ಕೂ ಬಣ್ಣಕ್ಕೂ ಸಂಬಂಧವೇ ಇಲ್ಲ. ವಿವರಪಟ್ಟಿಯಲ್ಲಿ 100% ಎಸ್‌ಆರ್‌ಜಿಬಿ ಎಂದು ಇರಬೇಕು. ಬಣ್ಣದ ಮಾತೇ ಇಲ್ಲದಿದ್ದರೆ 45 ಎಂದೇ ತಿಳಿದುಕೊಳ್ಳುವುದು ಕ್ಷೇಮ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಕೊಳ್ಳುವವರು ಸೀರೆಯನ್ನು ನೋಡುವುದು ತಮ್ಮ ತಮ್ಮ ಫೋನಿನಲ್ಲಿ. ಒಬ್ಬೊಬ್ಬರ ಫೋನು ಒಂದೊಂದು ಥರ ತೋರಿಸುವಾಗ ನಾವು ಮಾತ್ರ ಸರಿಯಾದ ಬಣ್ಣ ನೋಡಿ ಮಾಡುವುದೇನು? ಎಲ್ಲ ಫೋನುಗಳೂ ಒಂದೇ ರೀತಿ ತೋರಿಸುವುದಿಲ್ಲ ಎಂಬುದು ನಿಜ. ಆದರೆ ತಪ್ಪು ಕೂಡಿಕೊಳ್ಳುವ ಬಗೆಯನ್ನು ಗಮನಿಸಿ. ಮಂಕು ಸ್ಕ್ರೀನಿನಲ್ಲಿ ಕೆಂಪು ಸಪ್ಪೆಯಾಗಿ ಕಂಡದ್ದರಿಂದ ತಿದ್ದುವವರು ಬಣ್ಣವನ್ನು ಏರಿಸುತ್ತಾರೆ. ಏರಿಸಿದ ಆ ಫೋಟೊ ಓಲೆಡ್ ಸ್ಕ್ರೀನಿನ ಫೋನಿಗೆ ಹೋದಾಗ, ಮೊದಲೇ ಬಣ್ಣ ಹೆಚ್ಚಿಸಿ ತೋರಿಸುವ ಆ ಸ್ಕ್ರೀನಿನಲ್ಲಿ ಸೀರೆ ಕೆಂಡದಂತೆ ಉರಿಯುತ್ತದೆ. ಪಾರ್ಸೆಲ್ ಬಿಚ್ಚಿದವರು ಬೇರೆ ಸೀರೆ ಕಳಿಸಿದ್ದೀರಿ ಎಂದು ಜಗಳಕ್ಕೆ ನಿಲ್ಲುತ್ತಾರೆ. ಮೂಲ ಸರಿಯಾಗಿದ್ದರೆ ಬೇರೆ ಬೇರೆ ಫೋನುಗಳ ವ್ಯತ್ಯಾಸ ಆಚೀಚೆ ಅಷ್ಟಿಷ್ಟರಲ್ಲಿ ನಿಲ್ಲುತ್ತದೆ. ಮೂಲವೇ ವಾಲಿದ್ದರೆ ಎಲ್ಲವೂ ಒಂದೇ ಕಡೆಗೆ ವಾಲುತ್ತವೆ. ಫೋಟೊ ತೆಗೆಯುವಾಗಲೇ ಬಣ್ಣ ಕೆಟ್ಟಿದ್ದರೆ ಯಾವ ಸ್ಕ್ರೀನ್ ಏನು ಮಾಡೀತು ಎಂದೂ ಕೇಳಬಹುದು. ಟ್ಯೂಬ್‌ಲೈಟಿನ ಬೆಳಕಿಗಿಂತ ಕಿಟಕಿಯ ಬೆಳಕು ಲೇಸು, ಸೀರೆಯ ಪಕ್ಕ ಒಂದು ಬಿಳಿ ಹಾಳೆ ಇಟ್ಟು ಮೊದಲ ಫೋಟೊ ತೆಗೆದರೆ ತಿದ್ದಲು ಆಧಾರ ಸಿಗುತ್ತದೆ. ಆದರೆ ಆ ಹಾಳೆ ಬೆಳ್ಳಗಿದೆಯೋ ನೀಲಿಗೆ ತಿರುಗಿದೆಯೋ ಎಂದು ಹೇಳಬೇಕಾದದ್ದು ಮತ್ತೆ ಸ್ಕ್ರೀನೇ.

ಎರಡನೆಯ ಸ್ಥಾನ ರ್‍ಯಾಮ್‌ಗೆ. ಇಲ್ಲಿ ಲೆಕ್ಕ ಸರಳ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೊದಲ್ಲಿ 2 ಕೋಟಿ 40 ಲಕ್ಷ ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೆಲೆ, ಒಂದೊಂದು ಬೆಲೆಗೆ ಎರಡು ಬೈಟ್ ಎಂದರೆ ತೆರೆದ ಫೋಟೊ 144 ಎಂಬಿ ಜಾಗ ಹಿಡಿಯುತ್ತದೆ. ಡಿಸ್ಕಿನಲ್ಲಿ ಅದು ಎಷ್ಟೇ ಚಿಕ್ಕ ಫೈಲ್ ಆಗಿರಲಿ, ತೆರೆದ ಮೇಲೆ ಇಷ್ಟು ಬೇಕೇ ಬೇಕು. ಹಿನ್ನೆಲೆ ತೆಗೆಯಲು ಒಂದು ಲೇಯರ್, ಬೆಲೆ ಬರೆಯಲು ಇನ್ನೊಂದು, ಮಾಡಿದ್ದನ್ನು ರದ್ದುಮಾಡಲು ಹಿಂದಿನ ಹತ್ತಾರು ಹಂತ, ಹೀಗೆ ಒಂದೆರಡು ಜಿಬಿ ಕಣ್ಣುಮುಚ್ಚಿ ತೆರೆಯುವುದರಲ್ಲಿ ಹೋಗುತ್ತದೆ. ವಿಂಡೋಸ್ 11 ಮತ್ತು ನಾಲ್ಕಾರು ಟ್ಯಾಬ್ ತೆರೆದ ಕ್ರೋಮ್ ಅಷ್ಟರಲ್ಲೇ 8 ಜಿಬಿಯ ಅರ್ಧಕ್ಕಿಂತ ಹೆಚ್ಚು ತಿಂದಿರುತ್ತವೆ. ಆದ್ದರಿಂದ 16 ಜಿಬಿ ಬೇಕು. ಅಥವಾ ಈಗ 8 ಇದ್ದು, ಮುಂದೆ ಹಾಕಲು ಖಾಲಿ ಸ್ಲಾಟ್ ಇರಬೇಕು. ಎಐ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಜಿಗಿದಿರುವುದರಿಂದ, ಆಮೇಲೆ ಹಾಕಿಸಿದರಾಯಿತು ಎಂಬ ಹಳೆಯ ಉಪಾಯ ಮೊದಲಿನಷ್ಟು ಅಗ್ಗವಾಗಿ ಉಳಿದಿಲ್ಲ. ಸ್ಟೋರೇಜ್ 512 ಜಿಬಿ ಎಸ್‌ಎಸ್‌ಡಿ ಸಾಕು. ಹಳೆಯ ಫೋಟೊಗಳಿಗೆ ಹೊರಗಿನ ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳಿ, ಅದು ಹೇಗಿದ್ದರೂ ಬೇಕು.

ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಫೋಟೊ ಎಡಿಟಿಂಗ್ ಆಗುತ್ತದೆಯೇ ಎಂದು ಕೇಳುವವರು ಗೇಮಿಂಗ್ ಲ್ಯಾಪ್‌ಟಾಪ್ ಕಡೆ ಕೈತೋರಿಸುತ್ತಾರೆ. ವಿಡಿಯೊ ಎಡಿಟ್ ಮಾಡುವವರಿಗೆ, 2023ರಲ್ಲಿ ಲೈಟ್‌ರೂಮ್ ಎಂಬ ಫೋಟೊ ಸಾಫ್ಟ್‌ವೇರಿಗೆ ಬಂದ, ಫೋಟೊದ ಕಾಳು ಅಳಿಸುವ ಎಐ ಡಿನಾಯ್ಸ್‌ನಂಥದ್ದನ್ನು ನೂರಾರು ಫೋಟೊಗಳ ಮೇಲೆ ಓಡಿಸುವ ಮದುವೆ ಫೋಟೊಗ್ರಾಫರಿಗೆ ಆ ಕಾರ್ಡ್ ನಿಜವಾಗಿ ಸಮಯ ಉಳಿಸುತ್ತದೆ. ಮನೆಯ ಕೆಲಸಕ್ಕೆ ಅದು ಭಾರ, ಸದ್ದು, ಎರಡು ಗಂಟೆಗೆ ಮುಗಿಯುವ ಬ್ಯಾಟರಿ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್ ಮಾಡುವವರು ಕಾರ್ಡಿಗೆ ಹೋದ ಹಣವನ್ನು ಎಲ್ಲಾದರೂ ಮರಳಿ ಹಿಡಿಯಲೇಬೇಕು, ಅವರು ಹಿಡಿಯುವುದು ಬಹಳ ಸಲ ಸ್ಕ್ರೀನಿನಲ್ಲಿ.

ಹೊಸ ಲ್ಯಾಪ್‌ಟಾಪಿನಲ್ಲಿ ಒಳ್ಳೆಯ ಸ್ಕ್ರೀನು, 16 ಜಿಬಿ ಎರಡೂ ಬಜೆಟ್ಟಿಗೆ ಎಟುಕದಿದ್ದರೆ ಬಿನ್ನಿಪೇಟೆಯವರಿಗೆ ಇನ್ನೊಂದು ದಾರಿ ಇದೆ, ಅದೂ ಮನೆಯ ಹತ್ತಿರದಲ್ಲೇ. ಮಾಗಡಿ ರಸ್ತೆ ನಿಲ್ದಾಣದಲ್ಲಿ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲೋ ಮಾರ್ಕೆಟ್‌ನಲ್ಲೋ ಇಳಿದು ನಡೆದರೆ ಎಸ್‌ಪಿ ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಐಟಿ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಇಲ್ಲಿನ ಅಂಗಡಿಗಳಲ್ಲಿ ರಿಫರ್ಬಿಶ್ಡ್ ಎಂಬ ಹೆಸರಿನಲ್ಲಿ ಸಿಗುತ್ತವೆ. 25 ಸಾವಿರದ ಆಚೀಚೆಗೆ ಒಂದು ಗಟ್ಟಿ ಯಂತ್ರ, 10 ಸಾವಿರದ ಆಸುಪಾಸಿನಲ್ಲಿ ಹೊಸದೊಂದು 24 ಇಂಚಿನ ಐಪಿಎಸ್ ಮಾನಿಟರ್. ಈ ಮಾನಿಟರುಗಳಲ್ಲಿ ಹೆಚ್ಚಿನವು ಎಸ್‌ಆರ್‌ಜಿಬಿಯನ್ನು ಬಹುಪಾಲು ತುಂಬುವುದರಿಂದ, ಲ್ಯಾಪ್‌ಟಾಪಿನ ಸ್ವಂತ ಸ್ಕ್ರೀನ್ ಮಂಕಾಗಿದ್ದರೂ ನಷ್ಟವಿಲ್ಲ. ಬಣ್ಣದ ಕೆಲಸ ಮೇಜಿನ ಮೇಲೆ ದೊಡ್ಡ ಸ್ಕ್ರೀನಿನಲ್ಲಿ, ಉಳಿದದ್ದು ಸೋಫಾದ ಮೇಲೆ. ಯಂತ್ರ ಹಾಳಾದ ಮೇಲೂ ಮಾನಿಟರ್ ಮುಂದಿನ ಯಂತ್ರಕ್ಕೆ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ 40 ಸಾವಿರದೊಳಗಿನವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಹಳೆಯದನ್ನು ಕೊಳ್ಳುವುದು ಅಪಾಯವಲ್ಲವೇ? ಕಣ್ಣು ತೆರೆದುಕೊಂಡು ಕೊಳ್ಳದಿದ್ದರೆ ಖಂಡಿತ ಅಪಾಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಇಂಟೆಲ್ ಆದರೆ 8ನೇ ಜನರೇಶನ್ ಅಥವಾ ಅದಕ್ಕಿಂತ ಈಚಿನದು, ಎಎಂಡಿ ಆದರೆ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರುವ ರೈಜನ್ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಇಂಟೆಲ್ 6ನೇ, 7ನೇ ಜನರೇಶನ್ನಿನ ಲ್ಯಾಪ್‌ಟಾಪ್ 12 ಸಾವಿರಕ್ಕೆ ಸಿಕ್ಕರೂ ಮುಟ್ಟಬೇಡಿ, ಹೇಗೋ ಹಾಕಿಕೊಟ್ಟ ವಿಂಡೋಸ್ 11 ಅದರಲ್ಲಿ ಓಡುತ್ತಿದ್ದರೂ ಸರಿಯೇ. ಅಂಗಡಿಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಬ್ಯಾಟರಿ ರಿಪೋರ್ಟ್ ತೆಗೆಸಿ. ಬ್ಯಾಟರಿ ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಅದರಲ್ಲಿರುತ್ತದೆ. ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಜಿಎಸ್‌ಟಿ ಬಿಲ್ ಇಲ್ಲದೆ ಐನೂರು ರೂಪಾಯಿ ಕಡಿಮೆ ಮಾಡುತ್ತೇನೆ ಎಂದರೆ ಒಪ್ಪಬೇಡಿ, ಅಂಗಡಿಯ ವಾರಂಟಿ ಅದೇ ಕಾಗದದ ಮೇಲೆ ಸೀರಿಯಲ್ ನಂಬರ್ ಸಮೇತ ಬರೆಸಿಕೊಳ್ಳಿ. ಇಷ್ಟೆಲ್ಲ ತಲೆನೋವು ಬೇಡ ಎನ್ನುವವರು ಇನ್ನಷ್ಟು ಹಣ ಕೂಡಿಸಿ ಮ್ಯಾಕ್‌ಬುಕ್ ಏರ್ ಕಡೆ ನೋಡುತ್ತಾರೆ. 2020ರ ಎಂ1 ಮಾದರಿಯಿಂದ ಈಚೆಗೆ ಅದರ ಸ್ಕ್ರೀನ್ ಎಸ್‌ಆರ್‌ಜಿಬಿಗಿಂತಲೂ ವಿಶಾಲವಾದ ಬಣ್ಣ ತೋರಿಸುತ್ತದೆ, ಬ್ಯಾಟರಿಯೂ ದಿನವಿಡೀ ಬರುತ್ತದೆ. ಆದರೆ ರ್‍ಯಾಮ್, ಸ್ಟೋರೇಜ್ ಎರಡನ್ನೂ ಆಮೇಲೆ ಏರಿಸಲು ಆಗುವುದಿಲ್ಲ, ರಿಪೇರಿಯೂ ದುಬಾರಿ.

ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ ಕಟ್ಟಲೇಬೇಕೆಂದಿಲ್ಲ. 2025ರ ಮಾರ್ಚ್‌ನಲ್ಲಿ ಗಿಂಪ್ ಎಂಬ ಫೋಟೊ ಎಡಿಟರಿನ 3.0 ಆವೃತ್ತಿ ಬಂದ ಮೇಲೆ, ಮೂಲ ಫೋಟೊವನ್ನು ಕೆಡಿಸದೆ ಎಫೆಕ್ಟ್ ಹಾಕಿ ತೆಗೆಯುವ ಅನುಕೂಲ ಅದರಲ್ಲೂ ಇದೆ. ಕ್ಯಾಮೆರಾದ ರಾ ಫೈಲುಗಳಿಗೆ ಡಾರ್ಕ್‌ಟೇಬಲ್ ಇದೆ. ಎರಡೂ ಉಚಿತ. ಅವನ್ನು ಕಲಿಯಲು ಒಂದಷ್ಟು ವಾರ ಹಿಡಿಯುತ್ತದೆ, ಅಷ್ಟೇ.

ಕೊಳ್ಳಲು ಹೋಗುವ ದಿನ ಒಂದು ಪೆನ್‌ಡ್ರೈವಿನಲ್ಲಿ ನಿಮ್ಮದೇ ನಾಲ್ಕು ಫೋಟೊ, ಬ್ಯಾಗಿನಲ್ಲಿ ಆ ಫೋಟೊದಲ್ಲಿರುವ ಕೆಂಪು ಸೀರೆ ಇಟ್ಟುಕೊಂಡು ಹೋಗಿ. ಸ್ಕ್ರೀನಿನ ಬೆಳಕು ಪೂರ್ತಿ ಏರಿಸಿ, ಫೋಟೊ ತೆರೆದು, ಸೀರೆಯನ್ನು ಪಕ್ಕದಲ್ಲಿ ಹಿಡಿದು ನೋಡಿ. ಅಂಗಡಿಯವರು ನಕ್ಕರೆ ನಗಲಿ. ಎರಡೂ ಒಂದೇ ಬಣ್ಣ ಕಾಣುವವರೆಗೆ ಹಣ ಕೊಡಬೇಡಿ.