ಬಸುರಿಯ ಸಿಗರೇಟು ಮತ್ತು ಕಾನೂನಿನ ಬೇಡಿ

1971ರ ಜನವರಿ ಮೊದಲ ವಾರ. ಅಮೆರಿಕದ ಟೆಲಿವಿಷನ್ನಿನಲ್ಲಿ ಸಿಗರೇಟಿನ ಜಾಹೀರಾತು ನಿಂತು ಒಂದೆರಡು ದಿನವಾಗಿತ್ತಷ್ಟೆ. ಅದೇ ಟೆಲಿವಿಷನ್ನಿನ ಸಂದರ್ಶನವೊಂದಕ್ಕೆ ಫಿಲಿಪ್ ಮಾರಿಸ್ ಕಂಪೆನಿಯ ಮುಖ್ಯಸ್ಥ ಜೋಸೆಫ್ ಕಲ್‌ಮನ್ ಬಂದು ಕುಳಿತಿದ್ದರು. ಸಿಗರೇಟು ಸೇದುವ ತಾಯಂದಿರ ಕೂಸುಗಳು ಸಣ್ಣಗೆ ಹುಟ್ಟುತ್ತವೆಂಬ ಮಾತು ಬಂದಾಗ ಅವರು ಅದನ್ನು ಅಲ್ಲಗಳೆಯಲಿಲ್ಲ. ಸಣ್ಣಗಿದ್ದರೂ ಆರೋಗ್ಯವಾಗಿಯೇ ಇರುತ್ತವೆ, ಕೆಲವು ಹೆಂಗಸರಿಗೆ ಸಣ್ಣ ಮಗುವೇ ಇಷ್ಟವಾದೀತು ಎಂಬರ್ಥದ ಮಾತನಾಡಿದರು.

ಇಂದು ಇಂಥ ಮಾತನ್ನು ಬಹಿರಂಗವಾಗಿ ಆಡುವ ಧೈರ್ಯ ಯಾವ ಕಂಪೆನಿಗೂ ಇಲ್ಲ. ಈಗ ಚರ್ಚೆ ಇನ್ನೊಂದು ತುದಿಗೆ ಹೋಗಿ ನಿಂತಿದೆ. ಹೊಗೆಯಿಂದ ಹೊಟ್ಟೆಯೊಳಗಿನ ಶಿಶುವಿಗೆ ಕೇಡು ಎಂಬುದು ಖಚಿತವಾದ ಮೇಲೆ, ಬಸುರಿ ಹೆಂಗಸು ಸಿಗರೇಟು ಸೇದುವುದನ್ನು ಅಪರಾಧವೆಂದೇ ಸಾರಬಾರದೇಕೆ? ಅಮೆರಿಕದ ಆರ್ಕನ್ಸಾ ರಾಜ್ಯದ ಶಾಸಕರೊಬ್ಬರು 2006ರಲ್ಲಿ ಈ ಯೋಚನೆಯನ್ನು ಮುಂದಿಟ್ಟದ್ದುಂಟು. ಅದು ಕಾಯಿದೆಯಾಗಲಿಲ್ಲ. ಆದರೆ ಪ್ರಶ್ನೆ ಸುಮ್ಮನಾಗಲೂ ಇಲ್ಲ. ತೊಟ್ಟಿಲ ಮಗುವನ್ನು ಬಡಿದರೆ ಶಿಕ್ಷೆ ಇದೆ. ಬಸುರಿನ ಮಗುವಿಗೆ ದಿನಕ್ಕಿಷ್ಟು ವಿಷ ಉಣಿಸಿದರೆ ಏಕಿಲ್ಲ? ಕೇಳಿದೊಡನೆ ಸರಿಯೆನ್ನಿಸುವ ವಾದ. ಇದನ್ನು ತೂಗಿ ನೋಡಬೇಕಾದರೆ ಎರಡು ಕಥೆಗಳನ್ನು ಅರಿಯಬೇಕು: ವೈದ್ಯರು ಈ ಕೇಡನ್ನು ಕಂಡುಕೊಂಡ ಕಥೆ ಒಂದು, ಕಾನೂನು ಬಸುರಿಯ ಬೆನ್ನು ಹತ್ತಿದ ಕಥೆ ಇನ್ನೊಂದು.

1957ರಲ್ಲಿ ಕ್ಯಾಲಿಫೋರ್ನಿಯದ ವಿನಿಯಾ ಸಿಂಪ್ಸನ್ ಎಂಬಾಕೆ ಪ್ರಸೂತಿ ವೈದ್ಯರ ಪತ್ರಿಕೆಯೊಂದರಲ್ಲಿ ಚಿಕ್ಕದೊಂದು ವರದಿ ಪ್ರಕಟಿಸಿದರು. ಸ್ಯಾನ್ ಬರ್ನಾರ್ಡಿನೊ ಪ್ರದೇಶದಲ್ಲಿ ಹೆತ್ತ ಸಾವಿರಾರು ತಾಯಂದಿರ ವಿವರ ಕಲೆಹಾಕಿ ನೋಡಿದಾಗ, ಸಿಗರೇಟು ಸೇದುವವರಲ್ಲಿ ದಿನ ತುಂಬದ, ತೂಕವಿಲ್ಲದ ಕೂಸುಗಳು ಹೆಚ್ಚು ಎಂದು ಅವರಿಗೆ ಕಂಡಿತ್ತು. ಮರುವರ್ಷ ಬ್ರಿಟನ್ನಿನಲ್ಲಿ ಇನ್ನೂ ದೊಡ್ಡ ಕೆಲಸ ನಡೆಯಿತು. 1958ರ ಮಾರ್ಚಿಯ ಒಂದೇ ವಾರದಲ್ಲಿ ಆ ದೇಶದಲ್ಲಿ ಹುಟ್ಟಿದ ಸುಮಾರು 17,000 ಮಕ್ಕಳ ಲೆಕ್ಕವನ್ನು, ತಾಯಂದಿರ ಅಭ್ಯಾಸಗಳ ಸಮೇತ, ಬರೆದಿಟ್ಟರು.

ಇಷ್ಟಾದರೂ ಎಲ್ಲರೂ ಒಪ್ಪಲಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ ತೆಗೆದ ತಕರಾರು ಬಲವಾದದ್ದು. ತೂಕ ಕಡಿಮೆಯಾಗಿ ಹುಟ್ಟಿದ ಕೂಸುಗಳನ್ನಷ್ಟೇ ಬೇರೆ ತೆಗೆದು ನೋಡಿದರೆ, ಸೇದುವ ತಾಯಂದಿರ ಕೂಸುಗಳೇ ಹೆಚ್ಚು ಬದುಕುಳಿಯುತ್ತವೆ ಎಂದು ಅವರು ತೋರಿಸಿದರು. ಕೇಡು ಹೊಗೆಯದಲ್ಲ, ಸೇದುವಂಥ ಹೆಂಗಸಿನ ಮೈಗುಣದ್ದೇ ಇರಬಹುದು ಎಂಬುದು ಅವರ ವಾದ. ಕಂಪೆನಿಗಳಿಗೆ ಇದಕ್ಕಿಂತ ಸಿಹಿಯಾದ ಮಾತು ಇನ್ನೇನು ಬೇಕು?

ಅಂಕಿಗಳು ಸುಳ್ಳಾಗಿರಲಿಲ್ಲ. ಅವುಗಳನ್ನು ಓದಿದ ಬಗೆಯಲ್ಲಿ ತಪ್ಪಿತ್ತು. ಪರೀಕ್ಷೆಯಲ್ಲಿ ನಪಾಸಾದ ಹುಡುಗರನ್ನಷ್ಟೇ ಸಾಲಾಗಿ ನಿಲ್ಲಿಸಿದ್ದೇವೆನ್ನಿ. ಅವರಲ್ಲಿ ಒಬ್ಬ ಪರೀಕ್ಷೆಯ ದಿನ ಜ್ವರ ಬಂದು ನಪಾಸಾದವನು. ಇನ್ನೊಬ್ಬ ಇಡೀ ವರ್ಷ ಪುಸ್ತಕ ಮುಟ್ಟದವನು. ಮುಂದಿನ ವರ್ಷ ಜ್ವರದ ಹುಡುಗನೇ ಪಾಸಾಗುತ್ತಾನೆ. ಹಾಗೆಂದು ಜ್ವರ ಓದಿಗೆ ಒಳ್ಳೆಯದೆನ್ನಲಾದೀತೆ? ಸೇದದ ತಾಯಿಯ ಮಗು ಸಣ್ಣಗೆ ಹುಟ್ಟಿದೆಯೆಂದರೆ ಅದಕ್ಕೆ ಅಂಗದೋಷದಂಥ ಇನ್ನೂ ಕೆಟ್ಟ ಕಾರಣವಿರುವ ಸಂಭವ ಹೆಚ್ಚು. ಹೊಗೆ ಮಗುವನ್ನು ಸಣ್ಣಗೆ ಮಾಡುತ್ತದೆ. ಹೊಗೆಗಿಂತ ಭಯಂಕರವಾದದ್ದೂ ಮಗುವನ್ನು ಸಣ್ಣಗೆ ಮಾಡುತ್ತದೆ. ಎಲ್ಲ ಮಕ್ಕಳನ್ನೂ ಒಟ್ಟಿಗೆ ಎಣಿಸಿದಾಗ ನಿಜ ಹೊರಬೀಳುತ್ತದೆ.

1958ರ ಆ ಲೆಕ್ಕವನ್ನೇ ಹಿಡಿದು ನೆವಿಲ್ ಬಟ್ಲರ್ ಮತ್ತು ಸಂಗಡಿಗರು 1972ರಲ್ಲಿ ಹಾಗೆ ಎಣಿಸಿ ತೋರಿಸಿದರು. ಬಸುರಿನ ನಾಲ್ಕನೇ ತಿಂಗಳ ನಂತರವೂ ಸೇದುತ್ತಿದ್ದವರ ಮಕ್ಕಳು ಸರಾಸರಿ 170 ಗ್ರಾಂ ಕಡಿಮೆ ತೂಗಿದವು. ಹೆರಿಗೆಗೆ ಸ್ವಲ್ಪ ಮುಂಚೆ ಇಲ್ಲವೆ ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುವ ಪ್ರಮಾಣ ಶೇ 28ರಷ್ಟು ಹೆಚ್ಚಿತ್ತು. ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ. ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಸಿಗರೇಟು ಬಿಟ್ಟವಳ ಮಗುವಿಗೆ ಇರುವ ಅಪಾಯ, ಸೇದದವಳ ಮಗುವಿನದಕ್ಕೆ ಸಮವಾಗುತ್ತದೆ. ಅಂದರೆ ಬಿಡಿಸಲು ಸಮಯವಿದೆ, ಬಿಡಿಸಿದರೆ ಫಲವೂ ಇದೆ.

ಹೊಗೆ ಒಳಗೆ ಮಾಡುವ ಕೆಲಸವೂ ಈಗ ಗುಟ್ಟೇನಲ್ಲ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಾಯಿಯ ರಕ್ತದಲ್ಲಿರುವುದಕ್ಕಿಂತ ಶಿಶುವಿನ ರಕ್ತದಲ್ಲಿ ಇದು ಹೆಚ್ಚಾಗಿ ಶೇಖರವಾಗುತ್ತದೆ. ನಿಕೊಟಿನ್ ಮಾಸನ್ನು ದಾಟಿ ಒಳಗೆ ಹೋಗುತ್ತದೆ. ಮಗುವಿಗೆ ಬರಬೇಕಾದ ಉಸಿರಿಗೆ ಕೊರತೆಯಾಗುತ್ತದೆ. 1985ರಿಂದ ಅಮೆರಿಕದ ಸಿಗರೇಟು ಪ್ಯಾಕಿನ ಮೇಲೆ ಬಸುರಿಯರಿಗೆಂದೇ ಒಂದು ಎಚ್ಚರಿಕೆ ಅಚ್ಚಾಗತೊಡಗಿತು.

ಇಲ್ಲಿಗೆ ವೈದ್ಯರ ಕಥೆ ಮುಗಿಯಿತು. ಕಾನೂನಿನದು ಇಷ್ಟು ನೇರವಾದ ದಾರಿಯಲ್ಲ.

ಥಾಲಿಡೊಮೈಡ್ ಮಾತ್ರೆಯಿಂದ ಕೈಕಾಲು ಊನವಾಗಿ ಹುಟ್ಟಿದ ಮಕ್ಕಳ ದುರಂತದ ನಂತರ ಬ್ರಿಟನ್ 1976ರಲ್ಲಿ ಒಂದು ಕಾಯಿದೆ ತಂದಿತು. ಹುಟ್ಟುವ ಮುನ್ನ ತನಗಾದ ಹಾನಿಗೆ ಕಾರಣರಾದವರ ಮೇಲೆ, ಜೀವಂತವಾಗಿ ಹುಟ್ಟಿದ ಮಗು ಪರಿಹಾರಕ್ಕಾಗಿ ದಾವೆ ಹೂಡಬಹುದು. ಆದರೆ ಹೆತ್ತ ತಾಯಿಯ ಮೇಲೆ ಹೂಡುವಂತಿಲ್ಲ. ಇದಕ್ಕೆ ಒಂದೇ ವಿನಾಯಿತಿ, ಆಕೆ ವಾಹನ ಓಡಿಸುವಾಗಿನ ಅಜಾಗರೂಕತೆ. ಏಕೆಂದರೆ ಅಲ್ಲಿ ಹಣ ಕೊಡುವುದು ತಾಯಿಯಲ್ಲ, ವಿಮಾ ಕಂಪೆನಿ! ಈ ರಕ್ಷಣೆ ತಂದೆಗಿಲ್ಲ ಎಂಬುದನ್ನೂ ಗಮನಿಸಬೇಕು.

ಅದು ಪರಿಹಾರದ ಮಾತು. ಶಿಕ್ಷೆಯ ಮಾತು 2014ರಲ್ಲಿ ಬಂತು. ಬಸುರಿನಲ್ಲಿ ಮಿತಿಮೀರಿ ಕುಡಿದ ತಾಯಿಗೆ ಹುಟ್ಟಿ, ಮೆದುಳಿಗೆ ಶಾಶ್ವತ ಹಾನಿಯಾಗಿದ್ದ ಏಳು ವರ್ಷದ ಹುಡುಗಿಯ ಪರವಾಗಿ, ಅಪರಾಧಕ್ಕೆ ಬಲಿಯಾದವರಿಗೆ ಸಲ್ಲುವ ಪರಿಹಾರ ಬೇಕೆಂದು ಅರ್ಜಿ ಹಾಕಲಾಗಿತ್ತು. ಪರಿಹಾರ ಸಿಗಬೇಕಾದರೆ ತಾಯಿ ಮಾಡಿದ್ದು ಅಪರಾಧ ಎನ್ನಬೇಕು. ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. 1861ರ ಕಾಯಿದೆ ‘ಬೇರೊಬ್ಬ ವ್ಯಕ್ತಿ’ಗೆ ವಿಷವಿಕ್ಕುವ ಬಗ್ಗೆ ಹೇಳುತ್ತದೆ, ಗರ್ಭದಲ್ಲಿರುವ ಶಿಶು ಆ ಅರ್ಥದಲ್ಲಿ ಬೇರೊಬ್ಬ ವ್ಯಕ್ತಿಯಲ್ಲ ಎಂದಿತು. ಆ ಹುಡುಗಿಯ ಪಾಡು ನೆನೆದರೆ ಈ ತೀರ್ಪು ಕಠೋರವೆನ್ನಿಸದೆ ಇರದು. ಆದರೆ ತೀರ್ಪು ತಿರುಗಾಮುರುಗಾ ಆಗಿದ್ದರೆ ಏನಾಗುತ್ತಿತ್ತು? ಅದನ್ನು ಊಹಿಸಬೇಕಾಗಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳು ಅದನ್ನು ಮಾಡಿಯೇ ನೋಡಿವೆ. ಸಿಗರೇಟಿನ ವಿಷಯದಲ್ಲಲ್ಲ, ಕೊಕೇನು ಮೊದಲಾದ ಮಾದಕ ವಸ್ತುಗಳ ವಿಷಯದಲ್ಲಿ.

ದಕ್ಷಿಣ ಕೆರೊಲಿನದಲ್ಲಿ 1992ರಲ್ಲಿ ಒಬ್ಬ ತಾಯಿಗೆ ಎಂಟು ವರ್ಷದ ಸೆರೆವಾಸವಾಯಿತು. ಹುಟ್ಟಿದ ಮಗುವಿನ ಮೈಯಲ್ಲಿ ಕೊಕೇನಿನ ಅಂಶ ಸಿಕ್ಕಿತ್ತು. ಹೊರಗೆ ಬಂದರೆ ಬದುಕಬಲ್ಲಷ್ಟು ಬೆಳೆದ ಗರ್ಭಸ್ಥ ಶಿಶುವೂ ಕಾನೂನಿನ ಕಣ್ಣಿನಲ್ಲಿ ‘ಮಗು’ವೇ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಮೂರ್ ಎತ್ತಿದ ಪ್ರಶ್ನೆ ನಮ್ಮ ವಿಷಯವೇ ಆಗಿದೆ: ಹಾಗಾದರೆ ಸಿಗರೇಟನ್ನೋ ಕುಡಿತವನ್ನೋ ಬಿಡದ ಬಸುರಿಯೂ ಅಪರಾಧಿಯೇ? ವೈದ್ಯರ ಬಳಿಗೆ ಹೋಗದವಳೂ ಅಪರಾಧಿಯೇ?

ಅದೇ ರಾಜ್ಯದ ಚಾರ್ಲ್‌ಸ್ಟನ್ ಊರಿನ ಸರ್ಕಾರಿ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದದ್ದು ಇನ್ನೂ ವಿಚಿತ್ರ. 1989ರಿಂದ ಅಲ್ಲಿ ಕೆಲವು ಬಸುರಿಯರ ಮೂತ್ರವನ್ನು ಅವರಿಗೆ ತಿಳಿಸದೆ ಕೊಕೇನಿಗಾಗಿ ಪರೀಕ್ಷಿಸಿ, ಸಿಕ್ಕಿಬಿದ್ದವರ ಹೆಸರನ್ನು ಪೊಲೀಸರಿಗೆ ಕೊಡುತ್ತಿದ್ದರು. ಯಾರನ್ನು ಪರೀಕ್ಷಿಸಬೇಕೆಂಬುದಕ್ಕೆ ಇದ್ದ ಗುರುತುಗಳಲ್ಲಿ ಒಂದು, ಬಸುರಿನಲ್ಲಿ ಆಸ್ಪತ್ರೆಗೆ ತಡವಾಗಿ ಬಂದದ್ದು. ತಡವಾಗಿ ಬರುವವರು ಬಡವರಲ್ಲದೆ ಇನ್ಯಾರು? ಹೆತ್ತು ಇನ್ನೂ ರಕ್ತ ನಿಲ್ಲದ ಬಾಣಂತಿಯರಿಗೆ ಬೇಡಿ ಹಾಕಿ ಕರೆದೊಯ್ದದ್ದುಂಟು. ಬಂಧನಕ್ಕೊಳಗಾದ 30 ಹೆಂಗಸರಲ್ಲಿ 29 ಮಂದಿ ಕರಿಯರು. 1994ರಲ್ಲಿ ಈ ಪದ್ಧತಿ ನಿಂತಿತು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಚಿಕಿತ್ಸೆಯ ಹೆಸರಿನಲ್ಲಿ ಒಪ್ಪಿಗೆಯಿಲ್ಲದೆ ಪೊಲೀಸರಿಗಾಗಿ ನಡೆಸುವ ಇಂಥ ತಪಾಸಣೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಮಾನಿಸಿತು. ಆ ರಾಜ್ಯದ ಹೊಲಗಳಲ್ಲಿ ತಂಬಾಕು ಆಗಲೂ ಒಳ್ಳೆಯ ಬೆಳೆಯಾಗಿತ್ತು. ಅದಕ್ಕಾಗಿ ಯಾರ ಮೂತ್ರವನ್ನೂ ಪರೀಕ್ಷಿಸಿ ಪೊಲೀಸರಿಗೆ ಕೊಡಲಿಲ್ಲ.

ಟೆನೆಸಿ ರಾಜ್ಯ 2014ರಲ್ಲಿ ಇಂಥದೇ ಕಾಯಿದೆಯನ್ನು ಎರಡು ವರ್ಷದ ಅವಧಿಗೆ ಜಾರಿಗೆ ತಂದಿತು. ಜೈಲಿಗೆ ಹೆದರಿದ ಹೆಂಗಸರು ಮಾದಕ ವಸ್ತುವಿನಿಂದ ದೂರವಾಗುವುದಕ್ಕಿಂತ ವೈದ್ಯರಿಂದ ದೂರವಾದರು. ಆ ಅವಧಿಯಲ್ಲಿ ಭ್ರೂಣಗಳ, ಶಿಶುಗಳ ಸಾವು ಹೆಚ್ಚಿತೆಂದು ಆಮೇಲೆ ಲೆಕ್ಕ ಹಾಕಿದವರು ಕಂಡುಕೊಂಡಿದ್ದಾರೆ. 2016ರಲ್ಲಿ ಕಾಯಿದೆಯ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಮಗುವನ್ನು ಉಳಿಸಲು ತಂದ ಕಾಯಿದೆ ಮಾಡಿದ ಕೆಲಸ ಇದು.

ಕೊಕೇನಿಗೇ ಹೀಗಾದರೆ, ಮೂಲೆಯ ಅಂಗಡಿಯಲ್ಲಿ ತೆರಿಗೆ ಕಟ್ಟಿ ಮಾರುವ ಸಿಗರೇಟಿನ ಗತಿಯೇನು? ಬಸುರಾದದ್ದು ಮೊದಲ ಕೆಲವು ವಾರ ಆಕೆಗೇ ತಿಳಿದಿರುವುದಿಲ್ಲ. ಮೈಯಲ್ಲಿ ಅಲ್ಪಸ್ವಲ್ಪ ನಿಕೊಟಿನ್ ಸಿಕ್ಕರೆ, ಅದು ಆಕೆ ಸೇದಿದ್ದೋ, ಪಕ್ಕದಲ್ಲಿ ಗಂಡ ಸೇದಿದ್ದೋ? ಗಂಡನ ಹೊಗೆಯಾದರೆ ಜೈಲಿಗೆ ಯಾರನ್ನು ಕಳಿಸುವುದು? ಸಿಗರೇಟು ಹಚ್ಚಿದ ಬಸುರಿಯನ್ನು ಕಂಡು ರೇಗುವುದು ಸುಲಭ. ನನಗೂ ರೇಗುತ್ತದೆ. ಆದರೆ ನಿಕೊಟಿನ್ ಚಟ ಎಂಬುದು ರೇಗಿದರೆ ಹೋಗುವಂಥದ್ದಲ್ಲ. ಆಕೆ ನಿಜ ಹೇಳಬೇಕಾದದ್ದು ಒಬ್ಬರಿಗೆ, ತನ್ನನ್ನು ಪರೀಕ್ಷಿಸುವ ವೈದ್ಯರಿಗೆ ಇಲ್ಲವೆ ನರ್ಸಿಗೆ. ಅಲ್ಲಿಯೇ ಆಕೆ ಸುಳ್ಳು ಹೇಳುವಂತೆ ಮಾಡಿದರೆ ಮಗುವಿಗೆ ಇದ್ದ ಕೊನೆಯ ದಾರಿಯೂ ಮುಚ್ಚಿದಂತೆ.

ಹಾಗೆಂದು ಕಾನೂನಿಗೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ. ಸ್ಕಾಟ್‌ಲೆಂಡ್ 2006ರ ಮಾರ್ಚಿಯಲ್ಲಿ ಮುಚ್ಚಿದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ಆ ಕಾಯಿದೆ ಬಸುರಿಯರ ಸುದ್ದಿಗೇ ಹೋಗಲಿಲ್ಲ. 1996ರಿಂದ 2009ರವರೆಗಿನ ಏಳು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ದಾಖಲೆಯನ್ನು ಆಮೇಲೆ ತಿರುವಿಹಾಕಿದಾಗ, ದಿನ ತುಂಬದ ಹೆರಿಗೆಗಳು ಸುಮಾರು ಹತ್ತರಲ್ಲಿ ಒಂದು ಪಾಲು ಇಳಿದದ್ದು ಕಂಡಿತು. ಸೇದುವವರಲ್ಲೂ ಇಳಿಕೆ, ಎಂದೂ ಸೇದದವರಲ್ಲೂ ಇಳಿಕೆ. ಬಸುರಿಯರಲ್ಲಿ ನಾಲ್ಕರಲ್ಲೊಬ್ಬಳು ಸೇದುತ್ತಿದ್ದದ್ದು ಐದರಲ್ಲೊಬ್ಬಳಿಗಿಂತ ಕಡಿಮೆಯಾಯಿತು. ಇಳಿಕೆ ಕಾಯಿದೆ ಜಾರಿಯಾಗುವ ಕೆಲವು ತಿಂಗಳ ಮೊದಲೇ ಶುರುವಾಗಿತ್ತೆಂಬುದನ್ನೂ ಹೇಳಬೇಕು. ಬರಲಿರುವ ಕಾಯಿದೆಗೆ ಜನ ಮೊದಲೇ ಒಗ್ಗಿಕೊಳ್ಳತೊಡಗಿದ್ದಿರಬಹುದು.

ಗ್ಲಾಸ್ಗೊದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಸೇದುವ 612 ಬಸುರಿಯರಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ಸಲಹೆಯ ಜೊತೆಗೆ, ಸಿಗರೇಟು ಬಿಟ್ಟರೆ ಒಟ್ಟು 400 ಪೌಂಡುಗಳವರೆಗೆ ಅಂಗಡಿ ಕೂಪನ್ನು ಎಂದು ಆಸೆ ತೋರಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕೂಪನ್ನಿನವರಲ್ಲಿ ಶೇ 22.5, ಉಳಿದವರಲ್ಲಿ ಶೇ 8.6 ಮಂದಿ ಬಿಟ್ಟಿದ್ದರು. ಇದು ಲಂಚವಲ್ಲವೇ ಎಂದು ಕೇಳುವವರಿದ್ದಾರೆ. ಇರಲಿ, ಜೈಲಿನಲ್ಲಿ ಒಬ್ಬಳನ್ನು ಇಡುವ ಖರ್ಚಿಗಿಂತ ಅಗ್ಗದ ಲಂಚ.

ಇಂಗ್ಲೆಂಡಿನಲ್ಲಿ ಈಗ ಬಸುರಿಯ ಮೊದಲ ಭೇಟಿಯಲ್ಲೇ ಸೂಲಗಿತ್ತಿ ನರ್ಸು ಪುಟ್ಟ ಯಂತ್ರವೊಂದಕ್ಕೆ ಊದಿಸಿ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆಯೆಂದು ನೋಡುತ್ತಾಳೆ. ಪರೀಕ್ಷೆ ಚಾರ್ಲ್‌ಸ್ಟನ್ನಿನಲ್ಲೂ ಇತ್ತು, ಇಲ್ಲಿಯೂ ಇದೆ. ಆದರೆ ಇಲ್ಲಿ ಬಸುರಿಗೆ ತಿಳಿಸಿಯೇ ಊದಿಸುತ್ತಾರೆ, ಫಲಿತಾಂಶದ ಚೀಟಿ ಪೊಲೀಸರಿಗಲ್ಲ, ಚಟ ಬಿಡಿಸುವವರಿಗೆ ಹೋಗುತ್ತದೆ. ಹೆರಿಗೆಯ ವೇಳೆ ಸೇದುತ್ತಿರುವವರ ಪ್ರಮಾಣ 2010-11ರಲ್ಲಿ ಶೇ 13ಕ್ಕೂ ಮೇಲಿದ್ದದ್ದು 2023-24ರ ಹೊತ್ತಿಗೆ ಶೇ 8ಕ್ಕಿಂತ ಕೆಳಗಿಳಿಯಿತು. ಇದಕ್ಕಾಗಿ ಒಬ್ಬ ಬಸುರಿಯೂ ಜೈಲಿಗೆ ಹೋಗಲಿಲ್ಲ.

ನಮ್ಮಲ್ಲಿ ಸಿಗರೇಟು ಸೇದುವ ಬಸುರಿ ಅಪರೂಪ. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ನಮ್ಮ ಹೆಂಗಸರ ತಂಬಾಕು ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪಿನಲ್ಲಿದೆ, ಕಡ್ಡಿಪುಡಿಯಲ್ಲಿದೆ. ಮುಂಬಯಿಯ 1,217 ಬಸುರಿಯರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸುವವರು ನೂರಕ್ಕೆ ಹದಿನೇಳು ಮಂದಿ. ಅವರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು, ಆರು ದಿನ ಮೊದಲೇ ಹುಟ್ಟಿದವು. ಹೊಗೆ ಇಲ್ಲದಿದ್ದರೂ ನಿಕೊಟಿನ್ ತನ್ನ ಕೆಲಸ ಬಿಡುವುದಿಲ್ಲ.

ಕೇರಳ ಹೈಕೋರ್ಟು 1999ರಲ್ಲಿ, ಸುಪ್ರೀಂ ಕೋರ್ಟು 2001ರಲ್ಲಿ ಸಾರ್ವಜನಿಕ ಸ್ಥಳದ ಧೂಮಪಾನಕ್ಕೆ ತಡೆ ಹಾಕಿದವು. 2003ರ ಕೇಂದ್ರ ಕಾಯಿದೆ ಬಂತು. ಬಸುರಿಯನ್ನು ಅಪರಾಧಿಯೆನ್ನುವ ಕಲಮು ಅದರಲ್ಲಿಲ್ಲ, ಇಲ್ಲದಿರುವುದೇ ಸರಿ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅಂಗಡಿಗೆ ಮರಳಿತು.

ತಂಬಾಕಿನಿಂದ ಬಸುರಿನ ಮಗುವನ್ನು ಕಾಯಬೇಕೆನ್ನುವವರು ದಕ್ಷಿಣ ಕನ್ನಡದ ಬೀಡಿ ಕಟ್ಟುವ ಮನೆಗಳನ್ನೂ ಒಮ್ಮೆ ನೋಡಬೇಕು. ತೊಡೆಯ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ನೂಲು ಸುತ್ತುವ ಆಕೆ ಒಂದು ದಮ್ಮನ್ನೂ ಎಳೆದವಳಲ್ಲ. ಆದರೂ ಬೀಡಿ ಕಟ್ಟುವವರ ಮೂತ್ರದಲ್ಲಿ ನಿಕೊಟಿನ್ನಿನ ಗುರುತು ಸಿಕ್ಕಿದೆ. ಪುಡಿ ಬೆರಳಿನ ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ. ಕಟ್ಟಿದ ಬೀಡಿಯನ್ನು ಆಕೆ ಬ್ರಾಂಚಿಗೆ ಒಯ್ಯುತ್ತಾಳೆ. ಅಲ್ಲಿ ಎಣಿಸಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಹಾಕಿ, ಸಾವಿರಕ್ಕೆ ಇಷ್ಟೆಂದು ಬರೆದುಕೊಳ್ಳುತ್ತಾರೆ. ಆಕೆಗೆ ಆರನೇ ತಿಂಗಳಿರಲಿ, ಎಂಟನೆಯದಿರಲಿ, ಸಾವಿರದ ಲೆಕ್ಕ ಅದೇ.