ಅಂಗೈಯಗಲದ ನೆಲ

ಮೂವತ್ತು ವರ್ಷಕ್ಕೂ ಮಿಕ್ಕಿ ಹಳಗನ್ನಡ ಪಾಠ ಹೇಳಿದ ಮೇಷ್ಟರೊಬ್ಬರು ಮೋಟಾರಿನ ಟೈರನ್ನು ಕುರಿತು ಭಾಷಣ ಮಾಡುವುದು ಕೇಳುಗರಿಗೆ ವಿನೋದವೆನಿಸೀತು. ನನಗೂ ಮೊದಲು ಹಾಗೆಯೇ ಎನಿಸಿತ್ತು. 2023ರ ಮಳೆಗಾಲದ ಒಂದು ಸಂಜೆ ಆ ವಿನೋದ ಕಳೆಯಿತು.

ನನ್ನ ಸೋದರಳಿಯನೊಬ್ಬ ಎರಡೇ ಆಸನಗಳುಳ್ಳ, ನೆಲಕ್ಕೆ ಅಂಟಿದಂತಿರುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಸವೆದ ಟೈರುಗಳನ್ನು ತೆಗೆಸಿ, ಅಂಗಡಿಯೊಂದರಲ್ಲಿ ಹೆಚ್ಚು ಅಗಲದ ಟೈರುಗಳನ್ನು ದೊಡ್ಡ ಚಕ್ರಗಳ ಸಮೇತ ಹಾಕಿಸಿಕೊಂಡು ಸಾರಕ್ಕಿಯ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. “ಈಗ ನೋಡಿ ಮಾವ, ಹುಲಿಯ ಹಾಗೆ ನಿಂತಿದೆ” ಎಂದ. ನಾನೂ ಮೆಚ್ಚಿ ಪಕ್ಕದಲ್ಲಿ ಕುಳಿತೆ. ಕನಕಪುರ ರಸ್ತೆಯಲ್ಲಿ ಸಾರಕ್ಕಿ ಸಿಗ್ನಲ್ಲಿನ ಬಳಿಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಮುಂದಿದ್ದ ಆಟೋ ಥಟ್ಟನೆ ನಿಂತಿತು. ಅಳಿಯ ಬ್ರೇಕನ್ನು ಒತ್ತಿದ. ಚಕ್ರಗಳು ನಿಂತವು, ಕಾರು ನಿಲ್ಲಲಿಲ್ಲ. ಅಡ್ಡಲಾಗಿ ಜಾರುತ್ತ ಹೋಗಿ ಮೆಟ್ರೋ ಕಂಬಕ್ಕೆ ಗೇಣುದೂರದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. “ಹೊಸ ಟೈರಲ್ಲವೆ ಮಾವ, ಹೇಗೆ ಜಾರಿತು?” ಎಂದು ಅವನು ನಡುಗುತ್ತ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕಿದ ಕಥೆಯೇ ಈ ಭಾಷಣ.

ಮೊದಲು ಒಂದು ಸರಳವಾದ ಸಂಗತಿ. ಕಾರು ಎಷ್ಟೇ ದೊಡ್ಡದಾಗಿರಲಿ, ಅದರ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಡಮೆ ನಮ್ಮ ಅಂಗೈಯಷ್ಟು ಜಾಗದಲ್ಲಿ ಮಾತ್ರ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಲ್ಲಿವೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಸಾಕಾಗಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರನ್ನು ಸುತ್ತಿದ. ಆ ವಿದ್ಯೆ ನಮ್ಮ ಹಳ್ಳಿಗಳಿಗೂ ಬಂದು ‘ಟೈರ್ ಗಾಡಿ’ ಎಂಬ ಮಾತನ್ನು ಕೊಟ್ಟಿತು. ಮೈಸೂರಿನಲ್ಲಂತೂ ವಿಕ್ರಾಂತ್ ಎಂಬ ಕಾರ್ಖಾನೆಯೇ ತಲೆಯೆತ್ತಿತು. 1997ರಲ್ಲಿ ಅದು ಜೆ.ಕೆ. ಟೈರ್ ಸಂಸ್ಥೆಯ ವಶಕ್ಕೆ ಬಂದಿತು.

ಇನ್ನು ಅಳತೆಯ ಮಾತು. ಟೈರಿನ ಪಕ್ಕೆಯ ಮೇಲೆ 185/60 ಆರ್14 82 ಎಚ್ ಎಂಬಂತಹ ಬರಹವೊಂದಿರುತ್ತದೆ. ಇದು ಶಾಸನದಷ್ಟು ಕಠಿನವಲ್ಲ. 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂಬುದು ಮಿಲಿಮೀಟರಲ್ಲ. ಪಕ್ಕೆಯ ಎತ್ತರವು ಅಗಲದ ನೂರಕ್ಕೆ ಅರವತ್ತು ಭಾಗ ಎಂದು ಅರ್ಥ. ‘ಆರ್’ ಎಂದರೆ ರೇಡಿಯಲ್, ಒಳಗಿನ ಎಳೆಗಳು ಚಕ್ರದ ಅರಗಳಂತೆ ಹಾಯ್ದಿರುವ ಕಟ್ಟಣೆ. 14 ಎಂಬುದು ಒಳಗಿನ ರಿಮ್ಮಿನ ವ್ಯಾಸ, ಅಂಗುಲದಲ್ಲಿ. 82 ಎಂಬ ಸಂಕೇತಕ್ಕೆ ಒಂದು ಟೈರು 475 ಕಿಲೋ ಭಾರ ಹೊರಬಲ್ಲದು ಎಂದು ಅರ್ಥ. ಕಡೆಯ ‘ಎಚ್’ ಗಂಟೆಗೆ 210 ಕಿಲೋಮೀಟರಿನ ವೇಗದ ಮಿತಿ. ‘ವಿ’ ಎಂದಿದ್ದರೆ 240.

ಟೈರು ಬದಲಿಸುವವರು ಮರೆಯಬಾರದ ನಿಯಮವೊಂದುಂಟು. ಅದು ನನಗೆ ಛಂದಸ್ಸಿನ ಪಾಠವನ್ನೇ ನೆನಪಿಗೆ ತಂದಿತು. ಮಾತ್ರಾಗಣದಲ್ಲಿ ಒಂದು ಗುರುವಿನ ಬದಲು ಎರಡು ಲಘುಗಳನ್ನು ಇಡಬಹುದು, ಆದರೆ ಒಟ್ಟು ಮಾತ್ರೆ ಕೆಡಬಾರದು. ಟೈರಿನಲ್ಲಿ ಆ ಒಟ್ಟು ಮಾತ್ರೆ ಎಂದರೆ ಹೊರವ್ಯಾಸ. 185ರ ನೂರಕ್ಕೆ ಅರವತ್ತು ಎಂದರೆ 111 ಮಿಲಿಮೀಟರ್. ಮೇಲೊಂದು ಕೆಳಗೊಂದು ಸೇರಿ 222. ಅದಕ್ಕೆ ಹದಿನಾಲ್ಕು ಅಂಗುಲ, ಅಂದರೆ 355.6 ಮಿಲಿಮೀಟರ್ ಕೂಡಿಸಿದರೆ 577.6. ಈಗ ಹದಿನೈದು ಅಂಗುಲದ ಚಕ್ರ ಬೇಕೆಂದರೆ 195/50 ಆರ್15 ಆರಿಸಿಕೊಳ್ಳಬಹುದು; ಅದರ ಮೊತ್ತ 576. ರಿಮ್ಮು ಬೆಳೆಯಿತು, ಪಕ್ಕೆ ಕುಗ್ಗಿತು, ಮಾತ್ರೆ ಉಳಿಯಿತು. 1989ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆ ಹೊರತಂದ ಎಂಎಕ್ಸ್-5 ಎಂಬ ಹೆಸರುವಾಸಿ ಸ್ಪೋರ್ಟ್ಸ್ ಕಾರು ಮೊದಲನೆಯ ಅಳತೆಯ ಟೈರಿನ ಮೇಲೆ ಓಡಿತು. ಅದರ ಎರಡನೆಯ ಪೀಳಿಗೆಯ ಕೆಲವು ಮಾದರಿಗಳಿಗೆ ಎರಡನೆಯ ಅಳತೆ ಬಂದಿತು. ಲೆಕ್ಕ ಬಲ್ಲವರು ಬದಲಿಸುವ ರೀತಿ ಇದು.

ನನ್ನ ಅಳಿಯನ ಕಾರಿಗೂ ಮೊದಲು 185/60 ಆರ್14 ಇತ್ತು. ಅಂಗಡಿಯವರು ಹಾಕಿದ್ದು 205/55 ಆರ್15. ಕೂಡಿಸಿ ನೋಡಿ: 606.5. ನೂರಕ್ಕೆ ಐದರಷ್ಟು ಹೆಚ್ಚು! ವೇಗಮಾಪಕ ನೂರು ತೋರಿಸುವಾಗ ಕಾರು ನಿಜವಾಗಿ ನೂರೈದರ ವೇಗದಲ್ಲಿರುತ್ತದೆ. ಪೂರ್ತಿ ತಿರುಗಿಸಿದಾಗ ಟೈರು ಕಾರಿನ ಮೈಗೆ ಉಜ್ಜುತ್ತಿದ್ದುದೂ ಇದರಿಂದಲೇ.

ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬುದು ಅರ್ಧ ಸತ್ಯ. ಒಣ ನೆಲದ ತಿರುವಿನಲ್ಲಿ ಅಗಲದ, ಗಿಡ್ಡ ಪಕ್ಕೆಯ ಟೈರು ಅಲುಗದೆ ನಿಲ್ಲುತ್ತದೆ. ಚಾಲಕನ ಕೈಮಾತನ್ನು ತಡಮಾಡದೆ ಕೇಳುತ್ತದೆ. ಆದರೆ ನಿಂತ ನೀರಿನಲ್ಲಿ ಅಗಲದ ಟೈರು ಹೆಚ್ಚು ನೀರನ್ನು ಬದಿಗೆ ತಳ್ಳಬೇಕು. ವೇಗದಲ್ಲಿ ತಳ್ಳಲಾರದಾದಾಗ ಅದು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಗಿಡ್ಡ ಪಕ್ಕೆಗೆ ನಮ್ಮ ಬೀದಿಯ ಗುಂಡಿಗಳೂ ವೈರಿಗಳು: ಏಟು ತಡೆಯುವ ರಬ್ಬರು ಕಡಮೆ, ಆದ್ದರಿಂದ ಪಕ್ಕೆ ಉಬ್ಬುತ್ತದೆ, ರಿಮ್ಮು ಬಾಗುತ್ತದೆ. ರಸ್ತೆಗೆ ತಕ್ಕ ಟೈರು ಬೇಕು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ನಡೆಸುವ ಕೆ-1000 ರ‍್ಯಾಲಿಯಂತಹ ಸ್ಪರ್ಧೆಯಲ್ಲಿ ಮಣ್ಣುದಾರಿಗೆ ಗಟ್ಟಿ ಪಕ್ಕೆಯ, ಒರಟು ಅಚ್ಚಿನ ಟೈರು ಬೇಕು. ನುಣುಪಾದ ಪಂದ್ಯದ ಪಥಕ್ಕೆ ಬೇರೆಯೇ ಬೇಕು.

ಆದರೂ ಆ ಸಂಜೆ ನಮ್ಮ ವೇಗ ಹೆಚ್ಚಿರಲಿಲ್ಲ. ಹಾಗಿದ್ದರೆ ಜಾರಿದ್ದೇಕೆ? ಮರುದಿನ ಕನ್ನಡಕ ಹಾಕಿಕೊಂಡು ಟೈರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ‘ಡಾಟ್’ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ 3217 ಎಂಬ ನಾಲ್ಕು ಅಂಕಿಗಳಿದ್ದವು. 2017ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದದ್ದು ಎಂದು ಅದರ ಅರ್ಥ. ಹೊಸದೆಂದು ಕೊಂಡ ಟೈರಿಗೆ ಆರು ವರ್ಷ! ಓಡದಿದ್ದರೂ ರಬ್ಬರು ಮುದಿಯಾಗುತ್ತದೆ. ಗಾಳಿ, ಬಿಸಿಲು, ಕಾಲ ಅದನ್ನು ಗಟ್ಟಿಯಾಗಿಸುತ್ತವೆ. ಗಟ್ಟಿಯಾದ ರಬ್ಬರು ಒದ್ದೆ ನೆಲವನ್ನು ಹಿಡಿಯಲಾರದು. ಉಗುರಿನಿಂದ ಒತ್ತಿದರೆ ಗುರುತೇ ಬೀಳಲಿಲ್ಲ.

ಅಂಗಡಿಗೆ ಹೋಗುವ ಯುವಕರಿಗೆ ಇಷ್ಟು ಹೇಳಬಲ್ಲೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ತಯಾರಕರು ಹೇಳಿದ ಅಳತೆಯೂ ಗಾಳಿಯ ಒತ್ತಡವೂ ಇರುತ್ತವೆ; ಅಲ್ಲಿಂದ ತೊಡಗಿ. ಭಾರದ ಅಂಕಿಯನ್ನೂ ವೇಗದ ಅಕ್ಷರವನ್ನೂ ಅದಕ್ಕಿಂತ ಕೆಳಗಿಳಿಸಬೇಡಿ. ರಿಮ್ಮಿನ ಅಗಲ ಟೈರಿಗೆ ಒಪ್ಪಬೇಕು. 195/50 ಟೈರಿಗೆ ಐದೂವರೆಯಿಂದ ಏಳು ಅಂಗುಲ ಸರಿ. ಒಂದು ಅಚ್ಚಿನ ಟೈರಿನ ಜೊತೆ ಬೇರೊಂದನ್ನು ಬೆರೆಸಬೇಡಿ. ಎರಡನ್ನೇ ಬದಲಿಸುವುದಾದರೆ ಹೊಸದು ಹಿಂದಿರಲಿ. ಹಿಂಭಾಗ ಜಾರಿದರೆ ಕಾರನ್ನು ಸರಿದಾರಿಗೆ ತರುವುದು ಕಷ್ಟ. ಅಚ್ಚಿನ ಕಾಲುವೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಆ ಟೈರಿನ ಆಯುಷ್ಯ ಮುಗಿಯಿತು. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಅಳೆಯಿಸಿ. ಎಲ್ಲಕ್ಕೂ ಮೊದಲು ಆ ನಾಲ್ಕು ಅಂಕಿಗಳನ್ನು ಓದಿ.

ಅಳಿಯ ಆ ಟೈರುಗಳನ್ನೂ ಚಕ್ರಗಳನ್ನೂ ಹಿಂದಿರುಗಿಸಲು ಹೋದ, ಅಂಗಡಿಯವರು ಒಪ್ಪಲಿಲ್ಲ. ನಷ್ಟವನ್ನು ನುಂಗಿಕೊಂಡು, ಎತ್ತಿಟ್ಟಿದ್ದ ಹಳೆಯ ಹದಿನಾಲ್ಕಂಗುಲದ ಚಕ್ರಗಳಿಗೆ ಮೂಲ ಅಳತೆಯ, ಆ ವರ್ಷವೇ ತಯಾರಾದ ಟೈರುಗಳನ್ನು ಹಾಕಿಸಿದ. ಕಾರು ಈಗ ಹುಲಿಯ ಹಾಗೆ ಕಾಣುವುದಿಲ್ಲ. ಮುಂದಿನ ಮಳೆಯ ದಿನ ಅದೇ ಸಿಗ್ನಲ್ಲಿನಲ್ಲಿ ಬ್ರೇಕನ್ನು ಒತ್ತಿದಾಗ ಅದು ಗೆರೆಯ ಈಚೆಗೇ ನಿಂತಿತು. ಅಳಿಯ ನನ್ನ ಮುಖ ನೋಡಿದ. ನಾನು ಮೆಟ್ರೋ ಕಂಬವನ್ನು ನೋಡುತ್ತಿದ್ದೆ.