ಗಡಿಸೀಮೆಯ ಸಿನಿಮಾ ಮಾತು: ಹೊಸೂರಿನ ಪ್ರೇಕ್ಷಕರು ಚಿತ್ರಗಳನ್ನು ಅಳೆಯುವ ಬಗೆ

ಚಲನಚಿತ್ರವೊಂದನ್ನು ನೋಡಿ ಬಂದವರು ಮನೆಯ ಜಗುಲಿಯಲ್ಲಿ, ಕಾರ್ಖಾನೆಯ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ಅದರ ಬಗ್ಗೆ ಆಡಿಕೊಳ್ಳುವ ಮಾತನ್ನು ಚಿತ್ರರಂಗದವರು ‘ಬಾಯಿಮಾತಿನ ಪ್ರಚಾರ’ ಎಂದು ಕರೆಯುತ್ತಾರೆ. ಈ ಮಾತಿಗೆ ಪತ್ರಿಕಾ ವಿಮರ್ಶೆಯ ಕಟ್ಟುಪಾಡಿಲ್ಲ, ಆಡುವವರಿಗೆ ವಿಮರ್ಶಕರೆಂಬ ಹೆಸರೂ ಇಲ್ಲ; ಆದರೂ ಶುಕ್ರವಾರ ತೆರೆಕಂಡ ಚಿತ್ರ ಸೋಮವಾರದ ನಂತರವೂ ನಿಲ್ಲುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು ಸೀಮೆಯಲ್ಲಿ ಈ ಮಾತಿಗೆ ಬೇರೆಡೆ ಅಪರೂಪವಾದ ಒಂದು ಗುಣ ಸೇರಿಕೊಂಡಿದೆ. ಇಲ್ಲಿನ ಅನೇಕ ಪ್ರೇಕ್ಷಕರು ಕನ್ನಡ, ತಮಿಳು, ತೆಲುಗು ಚಿತ್ರಗಳನ್ನು ಆಯಾ ಭಾಷೆಯಲ್ಲೇ ನೋಡಿ, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಬಲ್ಲರು. ಹಗುರ ಮಾತೆಂದು ಬದಿಗೆ ಸರಿಸಲಾಗುವ ಈ ಅಭಿಪ್ರಾಯಗಳು ವಾಸ್ತವದಲ್ಲಿ ತೌಲನಿಕ ವಿಮರ್ಶೆಯ, ಅಂದರೆ ಕೃತಿಗಳನ್ನು ಹೋಲಿಸಿ ಬೆಲೆಕಟ್ಟುವ ಪದ್ಧತಿಯ, ಜನಬಳಕೆಯ ರೂಪವಾಗಿವೆ.

ಸೀಮೆ ಮತ್ತು ಅದರ ಕಿವಿ

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಅತ್ತಿಬೆಲೆಯ ಗಡಿಯನ್ನು ದಾಟಿದ ಕೂಡಲೇ ಸಿಗುವ ಹೊಸೂರು ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಭಾಷಾವಾರು ರಾಜ್ಯಗಳ ಮರುವಿಂಗಡಣೆ ನಡೆದಾಗ ಅದು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಹೊಸದಾಗಿ ರಚನೆಯಾದ ಕೃಷ್ಣಗಿರಿ ಜಿಲ್ಲೆಗೂ ಸೇರಿತು. 2011ರ ಜನಗಣತಿಯಂತೆ 18.79 ಲಕ್ಷ ಜನಸಂಖ್ಯೆಯಿರುವ ಈ ಜಿಲ್ಲೆಯ ಒಂದು ಮಗ್ಗುಲಿಗೆ ಕರ್ನಾಟಕ, ಇನ್ನೊಂದು ಮಗ್ಗುಲಿಗೆ ಆಂಧ್ರಪ್ರದೇಶ ಇದ್ದು, ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಅಂಚೆಟ್ಟಿಯ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. 1970ರ ದಶಕದಿಂದೀಚೆಗೆ ಬೆಳೆದ ಸಿಪ್ಕಾಟ್ ಕೈಗಾರಿಕಾ ಪ್ರದೇಶ, ಅಶೋಕ್ ಲೇಲ್ಯಾಂಡ್ ಮತ್ತು ಟಿವಿಎಸ್ ಕಾರ್ಖಾನೆಗಳು ತಮಿಳುನಾಡಿನ ಇತರ ಜಿಲ್ಲೆಗಳ ಕಾರ್ಮಿಕರನ್ನು ಇಲ್ಲಿಗೆ ಕರೆತಂದವು. ಅದೇ ವೇಳೆಗೆ ಇಲ್ಲಿನ ಯುವಜನರು ಉದ್ಯೋಗಕ್ಕಾಗಿ ಬೆಂಗಳೂರಿನ ಕಡೆಗೆ ದಿನನಿತ್ಯ ಓಡಾಡತೊಡಗಿದರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಕೆಲಸದಲ್ಲಿ ಮತ್ತೊಂದು ಎಂಬ ಬದುಕಿನಲ್ಲಿ ಬೆಳೆದ ಪ್ರೇಕ್ಷಕನಿಗೆ ಪರಭಾಷಾ ಚಿತ್ರ ಎಂಬ ಮಾತಿಗೆ ಹೆಚ್ಚಿನ ಅರ್ಥವೇ ಇರುವುದಿಲ್ಲ.

2006ರ ತಮಿಳು ಕಲಿಕೆ ಕಾಯ್ದೆಯ ನಂತರ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾದುದರಿಂದ, ಮನೆಯಲ್ಲಿ ಕನ್ನಡವಾಡಿದರೂ ಕನ್ನಡ ಅಕ್ಷರಗಳಲ್ಲಿ ಪಳಗದ ಹೊಸ ತಲೆಮಾರು ಗಡಿಭಾಗದಲ್ಲಿ ಬೆಳೆಯುತ್ತಿದೆ. ಕನ್ನಡ ಪತ್ರಿಕೆಯ ಚಿತ್ರವಿಮರ್ಶೆಯನ್ನು ಓದಲಾರದ ಇಂಥವರಿಗೂ ಕನ್ನಡ ಚಿತ್ರವನ್ನು ನೋಡಿ ಅದರ ಬಗ್ಗೆ ಕನ್ನಡದಲ್ಲೇ ಮಾತನಾಡುವುದು ಸಾಧ್ಯ. ಆದ್ದರಿಂದ ಸಿನಿಮಾ ಕುರಿತ ಮಾತು ಇಲ್ಲಿ ಕಾಲಹರಣವಷ್ಟೇ ಆಗಿರದೆ, ನುಡಿಯೊಂದನ್ನು ಬಳಕೆಯಲ್ಲಿ ಉಳಿಸುವ ಕೆಲಸವನ್ನೂ ಮಾಡುತ್ತದೆ.

ಚಿತ್ರರಂಗದ ಚರಿತ್ರೆಯೂ ಈ ಸೀಮೆಯ ಬಹುಭಾಷಿಕತೆಗೆ ಹೊಂದಿಕೊಂಡಿದೆ. ಕನ್ನಡ ಚಿತ್ರಗಳು ದಶಕಗಳ ಕಾಲ ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾದವು. 1954ರ ‘ಬೇಡರ ಕಣ್ಣಪ್ಪ’ದ ಮೂಲಕ ನಾಯಕನಾದ ರಾಜಕುಮಾರ್ ಅವರ ಊರಾದ ಗಾಜನೂರು ಇಂದಿಗೂ ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಭಾಗದಲ್ಲಿದೆ. ಬೆಂಗಳೂರಿನಲ್ಲಿ ಹುಟ್ಟಿ ತಮಿಳಿನ ಮೇರು ನಟನಾದ ರಜನಿಕಾಂತ್ ಅವರ ಪೂರ್ವಿಕರ ಊರು ಇದೇ ಕೃಷ್ಣಗಿರಿ ಜಿಲ್ಲೆಯ ನಾಚಿಕುಪ್ಪಂ. ಅವರು 1975ರಲ್ಲಿ ತಮಿಳಿನ ‘ಅಪೂರ್ವ ರಾಗಂಗಳ್’ ಮೂಲಕ ತೆರೆಗೆ ಬಂದು, ಮರುವರ್ಷವೇ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದಲ್ಲಿ ಕಾಣಿಸಿಕೊಂಡರು. ತಾರೆಯರೇ ಗಡಿಗೆ ಕಟ್ಟುಬೀಳದೆ ಓಡಾಡಿದ ನೆಲದಲ್ಲಿ ಅಭಿಮಾನಿಗಳ ಮಾತು ಒಂದೇ ಭಾಷೆಯೊಳಗೆ ನಿಲ್ಲುವುದು ಹೇಗೂ ಸಾಧ್ಯವಿರಲಿಲ್ಲ.

ಒಂದೇ ಕಥೆ, ಮೂರು ಚಿತ್ರ

ಒಂದು ಭಾಷೆಯಲ್ಲಿ ಗೆದ್ದ ಚಿತ್ರವನ್ನು ಬೇರೆ ನಟರೊಂದಿಗೆ ಇನ್ನೊಂದು ಭಾಷೆಯಲ್ಲಿ ಮತ್ತೆ ತಯಾರಿಸುವುದನ್ನು ‘ರೀಮೇಕ್’ ಎನ್ನುತ್ತಾರೆ. ಒಂದೇ ಭಾಷೆ ಬಲ್ಲ ಪ್ರೇಕ್ಷಕನಿಗೆ ರೀಮೇಕ್ ಹೊಸ ಚಿತ್ರವಾಗಿಯೇ ಕಂಡರೆ, ಹೊಸೂರಿನ ಪ್ರೇಕ್ಷಕನಿಗೆ ಅದು ಹೋಲಿಕೆಯ ಸಾಮಗ್ರಿಯಾಗುತ್ತದೆ. 1986ರಲ್ಲಿ ರಾಜಕುಮಾರ್ ಮತ್ತು ಮಾಧವಿ ನಟಿಸಿದ ‘ಅನುರಾಗ ಅರಳಿತು’ ಚಿತ್ರದ ಕಥೆ 1992ರಲ್ಲಿ ತಮಿಳಿನಲ್ಲಿ ರಜನಿಕಾಂತ್ ಅಭಿನಯದ ‘ಮನ್ನನ್’ ಆಗಿಯೂ, ಅದೇ ವರ್ಷ ತೆಲುಗಿನಲ್ಲಿ ಚಿರಂಜೀವಿ ಅಭಿನಯದ ‘ಘರಾನಾ ಮೊಗುಡು’ ಆಗಿಯೂ ತೆರೆಗೆ ಬಂತು. ಸಿರಿವಂತಿಕೆಯ ಗರ್ವದಲ್ಲಿರುವ ಒಡತಿಯ ಎದುರು ಸ್ವಾಭಿಮಾನ ಬಿಡದೆ ನಿಲ್ಲುವ ದುಡಿಮೆಗಾರನ ಈ ಕಥೆ ಕಾರ್ಖಾನೆಗಳ ಊರಿಗೆ ಹತ್ತಿರದ್ದು. ತಾಯಿಯ ಮೇಲಿನ ಮಮತೆಯನ್ನು ಯಾರು ನಂಬುವಂತೆ ಅಭಿನಯಿಸಿದರು, ಹಾಸ್ಯ ಯಾರಿಗೆ ಒಗ್ಗಿತು, ಹೊಡೆದಾಟ ಮತ್ತು ಕುಣಿತದಲ್ಲಿ ಯಾರು ಮುಂದು ಎಂಬ ಪ್ರಶ್ನೆಗಳನ್ನು ಮೂರೂ ಚಿತ್ರಗಳನ್ನು ನೋಡಿದವರು ಮಾತ್ರ ಸರಿಯಾಗಿ ಎತ್ತಬಲ್ಲರು.

‘ಮನ್ನನ್’ ನಿರ್ದೇಶಿಸಿದ ಪಿ. ವಾಸು ಅವರೇ 2004ರಲ್ಲಿ ಕನ್ನಡದಲ್ಲಿ ‘ಆಪ್ತಮಿತ್ರ’ವನ್ನೂ 2005ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ’ಯನ್ನೂ ನಿರ್ದೇಶಿಸಿದರು, ಎರಡಕ್ಕೂ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಮೂಲ. ನಿರ್ದೇಶಕ ಒಬ್ಬನೇ ಆಗಿರುವಾಗ ಉಳಿಯುವ ವ್ಯತ್ಯಾಸ ನಟರದು ಮತ್ತು ಪ್ರೇಕ್ಷಕರ ನಿರೀಕ್ಷೆಯದು. ‘ಆಪ್ತಮಿತ್ರ’ದ ವಿಷ್ಣುವರ್ಧನ್ ಅವರ ಗಾಂಭೀರ್ಯವನ್ನು ‘ಚಂದ್ರಮುಖಿ’ಯ ರಜನಿಕಾಂತ್ ಅವರ ಚುರುಕಿನೊಂದಿಗೂ, ಮುಳಬಾಗಿಲಿನ ಮಗಳಾದ ಸೌಂದರ್ಯ ಅವರ ಅಭಿನಯವನ್ನು ಜ್ಯೋತಿಕಾ ಅವರ ಅಭಿನಯದೊಂದಿಗೂ ಹೋಲಿಸುವ ಮಾತು ಅಲ್ಲಿಂದ ಹುಟ್ಟುತ್ತದೆ. ಎರಡು ಚಿತ್ರಗಳಲ್ಲೂ ಕಥೆಯಲ್ಲಿ ಬರುವ ನರ್ತಕಿಯ ಹಾಡು ತೆಲುಗಿನಲ್ಲಿರುವುದರಿಂದ, ಮೂರು ನುಡಿ ಬಲ್ಲ ಪ್ರೇಕ್ಷಕನಿಗೆ ಅದರ ಒಂದು ಸಾಲೂ ಅಪರಿಚಿತವಾಗುವುದಿಲ್ಲ. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಸಿಂಗೀತಂ ಶ್ರೀನಿವಾಸರಾವ್ ಅವರ 1987ರ ‘ಪುಷ್ಪಕ ವಿಮಾನ’. ಸಂಭಾಷಣೆಯೇ ಇಲ್ಲದ ಈ ಚಿತ್ರ ತಮಿಳಿನಲ್ಲಿ ‘ಪೇಸುಂ ಪಡಂ’ ಎಂಬ ಹೆಸರಿನಲ್ಲಿ ತೆರೆಕಂಡು, ಭಾಷೆಯ ಆಸರೆಯಿಲ್ಲದೆಯೂ ಸಿನಿಮಾ ಎಲ್ಲರನ್ನೂ ಮುಟ್ಟಬಲ್ಲದೆಂದು ತೋರಿಸಿಕೊಟ್ಟಿತು.

ಮೂಲ ಚಿತ್ರಕ್ಕೇ ಬೇರೆ ಭಾಷೆಯ ಧ್ವನಿ ಸೇರಿಸುವ ಡಬ್ಬಿಂಗ್ ಹೆಚ್ಚಿದ ಮೇಲೆ ಹೋಲಿಕೆಯ ಬಗೆ ಬದಲಾಗಿದೆ. ನೆರೆಯ ಕೋಲಾರದ ಚಿನ್ನದ ಗಣಿಯ ಹಿನ್ನೆಲೆಯ ‘ಕೆಜಿಎಫ್’ ಚಿತ್ರದ ಎರಡನೆಯ ಭಾಗ 2022ರ ಏಪ್ರಿಲ್ 14ರಂದು, ವಿಜಯ್ ಅಭಿನಯದ ತಮಿಳು ಚಿತ್ರ ‘ಬೀಸ್ಟ್’ ತೆರೆಕಂಡ ಮರುದಿನ, ಬಿಡುಗಡೆಯಾಯಿತು. ‘ಬೀಸ್ಟ್’ ಬಗ್ಗೆ ಮಿಶ್ರ ಅಭಿಪ್ರಾಯ ಹಬ್ಬಿದಂತೆ ತಮಿಳುನಾಡಿನಲ್ಲಿ ಕನ್ನಡ ಮೂಲದ ಚಿತ್ರಕ್ಕೆ ಪ್ರದರ್ಶನಗಳು ಹೆಚ್ಚಿದವು. ಅದೇ ವರ್ಷ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡ ‘ಕಾಂತಾರ’, ನೋಡಿದವರ ಮೆಚ್ಚುಮಾತು ಗಡಿ ದಾಟಿದ್ದರಿಂದ, ಎರಡು ವಾರಗಳ ನಂತರ ತಮಿಳು ಮತ್ತು ತೆಲುಗಿನಲ್ಲೂ ಬಿಡುಗಡೆಯಾಯಿತು.

ಅಭಿಪ್ರಾಯದ ಪರಿಭಾಷೆ

ಸಾಮಾನ್ಯ ಪ್ರೇಕ್ಷಕರ ಮಾತಿಗೆ ತನ್ನದೇ ಪರಿಭಾಷೆಯಿದೆ. ‘ಫಸ್ಟ್ ಹಾಫ್ ಚೆನ್ನಾಗಿದೆ, ಸೆಕೆಂಡ್ ಹಾಫ್ ಎಳೆದಿದ್ದಾರೆ’ ಎಂಬ ಮಾತು ಮಧ್ಯಂತರದ ಆಚೆ ಕಥೆಯ ಓಟ ಕುಂದಿತೆಂಬ, ರಚನೆಗೆ ಸಂಬಂಧಿಸಿದ ತೀರ್ಪಾಗಿದೆ. ನಾಯಕನ ಪ್ರವೇಶ, ಹೊಡೆದಾಟ, ಶಿಳ್ಳೆ ಗಿಟ್ಟಿಸುವ ಸಂಭಾಷಣೆಗಳಿಗೆ ಒತ್ತು ನೀಡುವ ಚಿತ್ರವನ್ನು ‘ಮಾಸ್’ ಎಂದೂ, ನಯವಾದ ನಿರೂಪಣೆಯ ಚಿತ್ರವನ್ನು ‘ಕ್ಲಾಸ್’ ಎಂದೂ ವಿಂಗಡಿಸುವುದು ಮೂರು ಭಾಷೆಗಳಲ್ಲೂ ಸಮಾನವಾಗಿರುವ ವರ್ಗೀಕರಣ. ತಮಿಳಿನ ‘ಮೊಕ್ಕೈ’ ಎಂಬ ಪದ ಸಪ್ಪೆಯಾದುದನ್ನು, ಬೇಸರ ತರಿಸುವುದನ್ನು ಸೂಚಿಸುತ್ತದೆ. ‘ಒಂದು ಸಲ ನೋಡಬಹುದು’ ಎನ್ನುವವನು ಟಿಕೆಟ್ಟಿನ ಹಣಕ್ಕೂ ಸಿಕ್ಕ ಸಂತೋಷಕ್ಕೂ ಲೆಕ್ಕ ಹಾಕಿರುತ್ತಾನೆ. ‘ಫ್ಯಾಮಿಲಿ ಜೊತೆ ನೋಡಬಹುದು’ ಎನ್ನುವವನು ಮನೆಮಂದಿಯ ಮುಜುಗರವನ್ನೂ ಪರಿಗಣಿಸಿರುತ್ತಾನೆ. ರಚನೆ, ಓಟ, ರುಚಿ, ಬೆಲೆ, ಸಭ್ಯತೆ ಎಂಬ ಐದು ಅಳತೆಗೋಲುಗಳು ಈ ನಾಲ್ಕೈದು ಮಾತುಗಳಲ್ಲೇ ಅಡಕವಾಗಿವೆ.

ಪ್ರೇಕ್ಷಕನ ಪ್ರತಿಕ್ರಿಯೆಗೆ ಗೌರವ ಕೊಡುವ ಪರಂಪರೆ ಭಾರತದಲ್ಲಿ ಹೊಸತಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ‘ಸಿದ್ಧಿ’ಯನ್ನು, ಅಂದರೆ ಪ್ರಯೋಗದ ಯಶಸ್ಸನ್ನು, ಅಳೆಯುವುದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ನಸುನಗು, ಗಟ್ಟಿ ನಗು, ಮೆಚ್ಚುಗೆಯ ಉದ್ಗಾರ, ಮೈನವಿರೇಳುವುದು, ಆಸನದಿಂದ ಮೇಲೇಳುವುದು ಮುಂತಾದವುಗಳನ್ನು ಅಲ್ಲಿ ಮಾನುಷೀ ಸಿದ್ಧಿಯ ಲಕ್ಷಣಗಳೆಂದೂ, ತುಂಬಿದ ಸಭೆ ಸದ್ದಿಲ್ಲದೆ ತಲ್ಲೀನವಾಗುವುದನ್ನು ದೈವಿಕೀ ಸಿದ್ಧಿಯೆಂದೂ ವಿಂಗಡಿಸಲಾಗಿದೆ. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಶಾಸ್ತ್ರಾಭ್ಯಾಸವಿಲ್ಲದವರಲ್ಲೂ ಕಾವ್ಯದ ಪರಿಣತಿಯಿರುವುದನ್ನು ನಾಡಿನ ಜನರ ಹೆಗ್ಗಳಿಕೆಯಾಗಿ ಹೇಳುತ್ತದೆ. ಕೃಷ್ಣಗಿರಿ ಸೀಮೆಯಲ್ಲಿ ಇಂದಿಗೂ ಜೀವಂತವಾಗಿರುವ ತೆರುಕೂತ್ತು, ಅಂದರೆ ಮಹಾಭಾರತದ ಕಥೆಗಳನ್ನು ರಾತ್ರಿಯಿಡೀ ಬಯಲಿನಲ್ಲಿ ಆಡುವ ತಮಿಳು ಜನಪದ ರಂಗಭೂಮಿ, ಇಂಥ ಪ್ರೇಕ್ಷಕರನ್ನು ನಂಬಿಯೇ ಬೆಳೆದಿದೆ. ಕಥೆ ಮೊದಲೇ ಗೊತ್ತಿರುವಾಗ ಆಟಗಾರರನ್ನು ಹೋಲಿಸುವುದೇ ನೋಟದ ಸುಖವಾಗುತ್ತದೆ. ರೀಮೇಕ್ ಚಿತ್ರ ನೋಡುವವನ ಸುಖವೂ ಅದೇ ಜಾತಿಯದು.

ಆಧುನಿಕ ಸಮಾಜವಿಜ್ಞಾನವೂ ಈ ಮಾತಿನ ಬಲವನ್ನು ಒಪ್ಪಿದೆ. ಎಲಿಹು ಕಾಟ್ಜ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ ಅವರು ಅಮೆರಿಕದ ಡಿಕೇಟರ್ ಎಂಬ ಊರಿನ ಸುಮಾರು 800 ಮಹಿಳೆಯರ ಸಂದರ್ಶನಗಳನ್ನು ಆಧರಿಸಿ 1955ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮೂಹ ಮಾಧ್ಯಮಗಳ ಪ್ರಭಾವ ಪರಿಚಿತರ ಸಲಹೆಯ ಮೂಲಕವೇ ಹೆಚ್ಚಾಗಿ ಜನರನ್ನು ತಲುಪುತ್ತದೆಂದು ತೋರಿಸಿದರು. ಯಾವ ಚಿತ್ರ ನೋಡಬೇಕೆಂಬ ಸಲಹೆಗೆ ಅಲ್ಲಿ ಜನ ಹೆಚ್ಚಾಗಿ ಕೇಳುತ್ತಿದ್ದುದು ಅವಿವಾಹಿತ ತರುಣಿಯರ ಮಾತನ್ನು. ಪದವಿಗಿಂತ ಹೆಚ್ಚಾಗಿ ಚಿತ್ರಗಳೊಂದಿಗಿನ ಒಡನಾಟವೇ ಅವರ ಮಾತಿಗೆ ತೂಕ ತಂದಿತ್ತು.

ಗಡಿ ದಾಟುವ ಪ್ರೇಕ್ಷಕರು

ಹೊಸೂರಿನಲ್ಲಿ ಬಾಯಿಮಾತು ಚಿತ್ರಕ್ಕಿಂತ ಮೊದಲೇ ಊರು ಸೇರುವುದುಂಟು. 2023ರ ಜನವರಿಯಲ್ಲಿ ಚೆನ್ನೈನ ಚಿತ್ರಮಂದಿರದ ಮುಂದೆ ಸಂಭ್ರಮಾಚರಣೆಯ ವೇಳೆ ಅಭಿಮಾನಿಯೊಬ್ಬರು ಮೃತಪಟ್ಟ ಮೇಲೆ ತಮಿಳುನಾಡಿನಲ್ಲಿ ನಸುಕಿನ ಪ್ರದರ್ಶನಗಳಿಗೆ ಅನುಮತಿ ಸಿಗುವುದು ನಿಂತಿತು. 2023ರ ಆಗಸ್ಟ್ 10ರಂದು ರಜನಿಕಾಂತ್ ಅಭಿನಯದ ‘ಜೈಲರ್’ ಬಿಡುಗಡೆಯಾದಾಗ ಅಲ್ಲಿ ಮೊದಲ ಪ್ರದರ್ಶನ ಬೆಳಗಿನ 9 ಗಂಟೆಗಿದ್ದರೆ ಬೆಂಗಳೂರಿನಲ್ಲಿ 6 ಗಂಟೆಗೇ ಆರಂಭವಾಯಿತು. 2025ರ ಆಗಸ್ಟ್ 14ರಂದು ತೆರೆಕಂಡ ಅವರ ‘ಕೂಲಿ’ಯ ವಿಷಯದಲ್ಲೂ ಇಂಥದೇ ಅಂತರವಿತ್ತು. ಹೀಗಾಗಿ ಮೊದಲ ಆಟದ ಹಂಬಲವಿರುವ ಹೊಸೂರಿನ ಅಭಿಮಾನಿಗಳು ಕರ್ನಾಟಕದ ಕಡೆಗೆ ಬರುವುದು ರೂಢಿಯಾಗಿದೆ.

ಈ ಓಡಾಟ ಹಿಮ್ಮುಖವಾಗಿಯೂ ನಡೆದಿದೆ. ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಕಮಲಹಾಸನ್ ಅವರ ಹೇಳಿಕೆಗೆ ವಿರೋಧ ವ್ಯಕ್ತವಾಗಿ, 2025ರ ಜೂನ್ 5ರಂದು ತೆರೆಕಂಡ ಅವರ ‘ಥಗ್ ಲೈಫ್’ ಕರ್ನಾಟಕದಲ್ಲಿ ಬಿಡುಗಡೆಯಾಗದೆ ಹೋದಾಗ ಬೆಂಗಳೂರಿನ ಅಭಿಮಾನಿಗಳು ಹೊಸೂರಿಗೆ ಬಂದು ಅದನ್ನು ನೋಡಿದರು. ಹೇಳಿಕೆಯ ಸರಿತಪ್ಪುಗಳ ಚರ್ಚೆ ಒಂದು, ಚಿತ್ರದ ಗುಣಾವಗುಣಗಳ ಚರ್ಚೆ ಇನ್ನೊಂದು. ಆ ಚಿತ್ರ ವಿವಾದದ ಸೋಂಕಿಲ್ಲದ ಊರುಗಳಲ್ಲೂ ಸೋತಿತೆಂಬುದು ಪ್ರೇಕ್ಷಕರು ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬಲ್ಲರೆಂಬುದಕ್ಕೆ ಸಾಕ್ಷಿ.

ಮಾತಿನ ಸ್ವಾತಂತ್ರ್ಯ ಮತ್ತು ಹೊಣೆ

ಈ ಮಾತಿಗೆ ಎರಡು ಅಪಾಯಗಳಿವೆ. ಮೊದಲನೆಯದು ತಾರಾಭಿಮಾನದ ಕುರುಡು. ತನ್ನ ನಾಯಕನ ಚಿತ್ರವನ್ನು ನೋಡುವ ಮೊದಲೇ ಹೊಗಳುವ, ಎದುರಾಳಿಯ ಚಿತ್ರವನ್ನು ನೋಡದೆಯೇ ಹಳಿಯುವ ಅಭ್ಯಾಸದಿಂದ ಮಾತಿನ ಬೆಲೆ ಕಳೆಯುತ್ತದೆ. ಎರಡನೆಯದು ಮಾತನ್ನೇ ತಡೆಯುವ ಯತ್ನ. 2024ರ ನವೆಂಬರ್‌ನಲ್ಲಿ ‘ಕಂಗುವ’ ಚಿತ್ರಕ್ಕೆ ಪ್ರತಿಕೂಲ ಅಭಿಪ್ರಾಯ ಹಬ್ಬಿದ ನಂತರ ತಮಿಳು ಚಿತ್ರ ನಿರ್ಮಾಪಕರ ಸಂಘಟನೆಯೊಂದು, ಚಿತ್ರಮಂದಿರದ ಆವರಣದಲ್ಲಿ ಯೂಟ್ಯೂಬ್ ವಾಹಿನಿಗಳು ಪ್ರೇಕ್ಷಕರ ಅಭಿಪ್ರಾಯ ಪಡೆಯುವುದಕ್ಕೆ ಅವಕಾಶ ಕೊಡಬಾರದೆಂದು ಮಾಲೀಕರನ್ನು ಕೇಳಿಕೊಂಡಿತು. ಬಿಡುಗಡೆಯ ಮೊದಲ ಮೂರು ದಿನ ವಿಮರ್ಶೆಗಳಿಗೆ ತಡೆ ಕೋರಿದ ಅರ್ಜಿಯ ಮೇಲೆ ಅಂಥ ಆದೇಶ ನೀಡಲು ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಉದ್ದೇಶಪೂರ್ವಕ ಅಪಪ್ರಚಾರದಿಂದ ನಿರ್ಮಾಪಕರಿಗೆ ನಷ್ಟವಾಗುವುದು ನಿಜವಾದರೂ, ಹಣ ಕೊಟ್ಟು ನೋಡಿದವನ ಬಾಯಿ ಮುಚ್ಚಿಸುವುದು ಅದಕ್ಕೆ ಪರಿಹಾರವಾಗಲಾರದು; ಹೊಗಳಿಕೆಯನ್ನು ಬಯಸುವ ಉದ್ಯಮ ತೆಗಳಿಕೆಯನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ.

ಆದ್ದರಿಂದ ಹೊಣೆ ಮಾತನಾಡುವವರ ಮೇಲೆಯೇ ಇದೆ. ಚಿತ್ರವನ್ನು ನೋಡಿದ ಮೇಲೆಯೇ ಮಾತನಾಡುವುದು, ಹಿಡಿಸಿದ್ದಕ್ಕೂ ಹಿಡಿಸದಿದ್ದಕ್ಕೂ ಒಂದೊಂದು ಕಾರಣ ಕೊಡುವುದು, ನಟನ ಹೆಸರನ್ನಾಗಲಿ ಚಿತ್ರದ ಭಾಷೆಯನ್ನಾಗಲಿ ಗುಣದ ಬದಲಿಗೆ ಇಡದಿರುವುದು, ಕಥೆಯ ಗುಟ್ಟನ್ನು ನೋಡದವರಿಗಾಗಿ ಕಾಯ್ದಿಡುವುದು ಎಂಬ ಇಷ್ಟನ್ನು ಪಾಲಿಸಿದರೆ ಹಗುರ ಮಾತೂ ನಂಬಿಕೆಗೆ ಅರ್ಹವಾದ ವಿಮರ್ಶೆಯಾಗುತ್ತದೆ. ಮೂರು ಭಾಷೆಗಳ ಚಿತ್ರಗಳನ್ನು ಒಂದೇ ಅಳತೆಯಲ್ಲಿ ತೂಗಬಲ್ಲ ಹೊಸೂರು ಸೀಮೆಯ ಪ್ರೇಕ್ಷಕರಿಗೆ ಈ ಕೆಲಸದಲ್ಲಿ ಉಳಿದವರಿಗಿಲ್ಲದ ಅನುಕೂಲವಿದೆ. ಕನ್ನಡ ಚಿತ್ರರಂಗವೂ ಕನ್ನಡ ಪತ್ರಿಕೆಗಳೂ ಅವರ ಮಾತಿಗೆ ಕಿವಿಗೊಡಬೇಕು.